ಏಸ್, ಟ್ಯಾಕ್ಸಿ, ಲಾರಿ: ಮೂರಕ್ಕೂ ಯಾವ ಜಿಪಿಎಸ್, ಹೇಗೆ ಕೂರಿಸುವುದು?

ಬೈಕಂಪಾಡಿ ಲೋಡಿಂಗ್:

ನಾಲ್ಕು ಗಾಡಿಗೆ ನ್ಯಾವಿಗೇಶನ್ ವ್ಯವಸ್ಥೆ ಮಾಡ್ಲಿಕ್ಕುಂಟು. ಎರಡು ಟಾಟಾ ಏಸ್: ಬೈಕಂಪಾಡಿ ಗೋಡೌನಿನಿಂದ ಕುಂದಾಪುರದವರೆಗೆ ಅಂಗಡಿ, ಮನೆಗಳಿಗೆ ಸಾಮಾನು, ಒಂದೊಂದಕ್ಕೆ ದಿನಕ್ಕೆ 20–25 ಜಾಗ. ಒಂದು ಹಳದಿ ಬೋರ್ಡಿನ ಡಿಸೈರ್: ಹೆಚ್ಚಾಗಿ ಬಜ್ಪೆ ಏರ್‌ಪೋರ್ಟಿನಿಂದ ಮಣಿಪಾಲ. ಒಂದು 14 ಅಡಿಯ ಮುಚ್ಚಿದ ಬಾಡಿಯ ಲಾರಿ: ವಾರಕ್ಕೆ ಎರಡು ಸಲ ಶಿರಾಡಿ ಘಾಟಿ ಹತ್ತಿ ಹಾಸನ.

ಫೋನ್ ಸಾಕಾ, ಆಂಡ್ರಾಯ್ಡ್ ಸ್ಟೀರಿಯೊ ಬೇಕಾ, ಅಥವಾ ಗಾರ್ಮಿನ್ ತರಹದ್ದು ಪ್ರತ್ಯೇಕ ತರಿಸಬೇಕಾ? ನಾಲ್ಕಕ್ಕೂ ಒಂದೇ ಆಪ್ ನಡೆಯುತ್ತದಾ? ಅಂಗಡಿಯಲ್ಲಿ "ಜಿಪಿಎಸ್" ಕೇಳಿದರೆ ಸಿಮ್ ಹಾಕುವ ಕಪ್ಪು ಪೆಟ್ಟಿಗೆ ತೋರಿಸುತ್ತಾರೆ, ಅದರಲ್ಲಿ ಸ್ಕ್ರೀನೇ ಇಲ್ಲ. ಗೊತ್ತಿದ್ದವರು ವಿವರವಾಗಿ ತಿಳಿಸಿ.

ತೆಂಕುಬಡಗು:

ಮೊದಲು ಆ ಕಪ್ಪು ಪೆಟ್ಟಿಗೆಯ ವಿಷಯ. ಅದು ಟ್ರ್ಯಾಕರ್. ಗಾಡಿ ಎಲ್ಲುಂಟು ಅಂತ ಯಜಮಾನನಿಗೆ ಹೇಳುತ್ತದೆ, ಎಲ್ಲಿ ತಿರುಗಬೇಕು ಅಂತ ಡ್ರೈವರಿಗೆ ಹೇಳುವುದಿಲ್ಲ. ಎರಡಕ್ಕೂ ಹೆಸರು ಜಿಪಿಎಸ್ ಆದ ಕಾರಣ ಗೊಂದಲ. ನಿಮಗೆ ಬೇಕಾದ್ದು ಡ್ರೈವರಿಗೆ ದಾರಿ ಹೇಳುವಂಥದ್ದು.

ಅದಕ್ಕೆ ಫೋನೇ ಸಾಕು, ಆದರೆ ಗಾಡಿಗೆಂದೇ ಒಂದು ಬೇರೆ ಫೋನ್ ಇರಲಿ. ಡ್ರೈವರನ ಸ್ವಂತ ಫೋನಿನಲ್ಲಿ ಕರೆ ಬಂದ ಕೂಡಲೇ ಮ್ಯಾಪ್ ಹಿಂದೆ ಸರಿಯುತ್ತದೆ, ಅಷ್ಟರಲ್ಲಿ ತಿರುವು ದಾಟಿ ಹೋಗಿರುತ್ತದೆ. ರ್‍ಯಾಮ್ 6 ಜಿಬಿ ಇದ್ದರೆ ಒಳ್ಳೆಯದು. ಉಪಗ್ರಹದ ಸಿಗ್ನಲ್ ಬರುವ ಎಲ್1, ಎಲ್5 ಎರಡೂ ಫ್ರೀಕ್ವೆನ್ಸಿ ಹಿಡಿಯುವ ಮಾಡೆಲ್ ನೋಡಿ. ಮಂಗಳೂರಿನ ಹಂಪನಕಟ್ಟೆಯ ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ತಡವಾಗಿ ಬರುತ್ತದೆ, ಅದರಿಂದ ಮ್ಯಾಪಿನ ಬಾಣ ಪಕ್ಕದ ರಸ್ತೆಗೆ ಹಾರುತ್ತದೆ. ಎಲ್5 ಇದ್ದರೆ ಆ ತಪ್ಪು ತುಂಬಾ ಕಡಿಮೆ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆಪ್ ಹಾಕಿ ಬಯಲಲ್ಲಿ ನಿಂತು ನೋಡಿದರೆ ಪಟ್ಟಿಯಲ್ಲಿ ಎಲ್5 ಕಾಣುತ್ತದೆ.

ಪ್ರತ್ಯೇಕ ಸಾಧನ ನಿಮ್ಮ ಕೆಲಸಕ್ಕೆ ಬೇಡ. ನಮ್ಮಲ್ಲಿ ರಸ್ತೆ ಬದಲಾಗುವ ವೇಗಕ್ಕೆ ಅದರ ಮ್ಯಾಪ್ ಹಳತಾಗುತ್ತದೆ, ಗ್ರಾಹಕ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಲೊಕೇಶನನ್ನು ಒಂದೇ ಒತ್ತಿಗೆ ಅದರಲ್ಲಿ ತೆರೆಯಲಿಕ್ಕೂ ಆಗುವುದಿಲ್ಲ. ಡಿಸೈರಿನಲ್ಲಿ ಆಂಡ್ರಾಯ್ಡ್ ಆಟೊ (ಫೋನಿನ ಮ್ಯಾಪನ್ನು ಸ್ಟೀರಿಯೊ ಸ್ಕ್ರೀನಿನಲ್ಲಿ ತೋರಿಸುವ ವ್ಯವಸ್ಥೆ) ಇದ್ದರೆ ಮಾತ್ರ ಸ್ಟೀರಿಯೊ ಬಳಸಿ. ಕೇಬಲ್ ಡೇಟಾ ಹೋಗುವಂಥದ್ದಾಗಿರಲಿ, ಒಂದು ಮೀಟರಿಗಿಂತ ಉದ್ದ ಬೇಡ.

ಆಪ್: ಟ್ರಾಫಿಕ್ ತಿಳಿಯಲಿಕ್ಕೆ ಗೂಗಲ್ ಮ್ಯಾಪ್ಸ್ ಮುಖ್ಯ. ಜೊತೆಗೆ ಮ್ಯಾಪಲ್ಸ್ ಎಂಬ ಮ್ಯಾಪ್ ಆಪ್ ಇರಲಿ, ಫ್ಲೈಓವರ್ ಇರುವ ಜಂಕ್ಷನ್ನಿನಲ್ಲಿ ಯಾವ ಲೇನ್ ಅಂತ ಚಿತ್ರ ಸಮೇತ ತೋರಿಸುತ್ತದೆ. ಎರಡರಲ್ಲೂ ಕನ್ನಡ ಧ್ವನಿ ಉಂಟು. ಸೆಟ್ಟಿಂಗಿನಲ್ಲಿ ಇಷ್ಟು ನೋಡಿ: ಲೊಕೇಶನ್ ಅನುಮತಿ "ನಿಖರ" ಇರಬೇಕು, ಬ್ಯಾಟರಿ ಸೇವರ್ ಆಫ್ ಇರಬೇಕು, ವಾಹನಗಳ ಸಾಲಿನಲ್ಲಿ ಕಾರಿನ ಚಿತ್ರ ಆಯ್ಕೆಯಾಗಿರಬೇಕು. ಯಾರಾದರೂ ಬೈಕಿನ ಚಿತ್ರ ಒತ್ತಿಟ್ಟಿದ್ದರೆ ಏಸನ್ನು ತೋಟದ ನಡುವಿನ ಓಣಿಗೆ ಕೊಂಡೊಯ್ಯುತ್ತದೆ, ಅಲ್ಲಿಂದ ರಿವರ್ಸ್ ಬರುವುದೇ ದೊಡ್ಡ ಕೆಲಸ. "ಟೋಲ್ ತಪ್ಪಿಸು" ಕೂಡ ಆಫ್ ಇರಲಿ. ಹೆಜಮಾಡಿ, ಸಾಸ್ತಾನದ ಟೋಲ್ ತಪ್ಪಿಸಲು ಹೋಗಿ ಲೋಡ್ ಗಾಡಿ ಒಳರಸ್ತೆಗೆ ಬಿದ್ದರೆ ಉಳಿಸಿದ ಹಣಕ್ಕಿಂತ ಹೆಚ್ಚು ಡೀಸೆಲ್, ಹೊತ್ತು ಎರಡೂ ಹೋಗುತ್ತದೆ.

ಗೂಗಲ್‌ನಲ್ಲಿ ಒಂದು ಸಲಕ್ಕೆ ಹಾಕಲಿಕ್ಕಾಗುವುದು 9 ಸ್ಟಾಪ್. 25 ಜಾಗವನ್ನು ಮೂರು ಕಂತು ಮಾಡಿ: ಪಡುಬಿದ್ರಿವರೆಗೆ, ಉಡುಪಿವರೆಗೆ, ಕುಂದಾಪುರವರೆಗೆ. ಸ್ಟಾಪುಗಳ ಕ್ರಮವನ್ನು ಅದು ತಾನಾಗಿ ಸರಿಪಡಿಸುವುದಿಲ್ಲ, ನೀವೇ ಜೋಡಿಸಬೇಕು.

ವಯರಿಂಗ್ ಉಡುಪಿ:

ಆಪಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಡೆಲಿವರಿ ಗಾಡಿಯಲ್ಲಿ ವ್ಯವಸ್ಥೆ ಕೈಕೊಡುವುದು ಹೆಚ್ಚಾಗಿ ಚಾರ್ಜಿಂಗ್ ಮತ್ತು ಹೋಲ್ಡರಿನಲ್ಲಿ.

ಸಿಗರೇಟ್ ಲೈಟರಿನ ಸಾಕೆಟಿಗೆ ಚುಚ್ಚುವ ಚಾರ್ಜರ್ ಏಸಿನ ಅದುರಾಟಕ್ಕೆ ಸಡಿಲಾಗುತ್ತದೆ. ಸಂಪರ್ಕ ಬಿಟ್ಟು ಬಿಟ್ಟು ಬಂದರೆ ಫೋನ್ ಚಾರ್ಜ್ ಆದ ಹಾಗೆ ಕಾಣುತ್ತದೆ, ಮಧ್ಯಾಹ್ನಕ್ಕೆ 20 ಶೇಕಡಕ್ಕೆ ಇಳಿದಿರುತ್ತದೆ. ಫ್ಯೂಸ್ ಬಾಕ್ಸಿನಿಂದಲೇ ನೇರ ಲೈನ್ ಎಳೆಯಿರಿ. ಬೇಕಾದ್ದು: 12ರಿಂದ 24 ವೋಲ್ಟ್ ತೆಗೆದುಕೊಂಡು 5 ವೋಲ್ಟ್ 3 ಆಂಪ್ ಕೊಡುವ ಕನ್ವರ್ಟರ್, ಒಂದು ಫ್ಯೂಸ್ ಟ್ಯಾಪ್ (ಫ್ಯೂಸ್ ಬಾಕ್ಸಿನಿಂದ ಹೊಸ ಲೈನ್ ತೆಗೆಯುವ ಕನೆಕ್ಟರ್), 3 ಆಂಪಿನ ಫ್ಯೂಸ್, ರಿಂಗ್ ಲಗ್ (ಬೋಲ್ಟಿಗೆ ಬಿಗಿಯಲು ವಯರಿನ ತುದಿಗೆ ಹಾಕುವ ಬಳೆ). 5 ವೋಲ್ಟ್ 3 ಆಂಪ್ ಎಂದರೆ 15 ವ್ಯಾಟ್. 12 ವೋಲ್ಟಿನ ಬದಿಯಲ್ಲಿ ಅದು ನಷ್ಟ ಸೇರಿ ಸುಮಾರು ಒಂದೂವರೆ ಆಂಪ್. ಹಾಗಾಗಿ 3 ಆಂಪಿನ ಫ್ಯೂಸ್ ಸಾಕು. 10 ಹಾಕಿದರೆ ಸಣ್ಣ ವಯರ್ ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವಯರೇ ಸುಡಬಹುದು.

ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನ್ ಹುಡುಕಿ. ಮಲ್ಟಿಮೀಟರಿನಲ್ಲಿ ಕೀ ತೆಗೆದಾಗ 0, ಹಾಕಿದಾಗ 12ರ ಮೇಲೆ ತೋರಿಸಬೇಕು. ಯಾವಾಗಲೂ ಕರೆಂಟ್ ಇರುವ ಲೈನಿಗೆ ಕೊಟ್ಟರೆ ನಾಲ್ಕು ದಿನ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಅರ್ತನ್ನು ಬಾಡಿಯ ಬೋಲ್ಟಿಗೆ ಕೊಡುವಾಗ ಪೇಂಟ್ ಕೆರೆದು ಲಗ್ ಬಿಗಿದು ಮೇಲೆ ಗ್ರೀಸ್ ಸವರಿ. ನಮ್ಮ ಕಡಲ ಗಾಳಿಗೆ ಬರೀ ಬಿಟ್ಟ ಅರ್ತ್ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಇನ್ನು ಬಿಸಿ. ಫೋನ್ ಕಾದಾಗ ಮೊದಲು ಸ್ಕ್ರೀನ್ ಮಂಕಾಗುತ್ತದೆ, ಮತ್ತೆ ಚಾರ್ಜಿಂಗ್ ನಿಲ್ಲುತ್ತದೆ. ಸಂಜೆ ಕುಂದಾಪುರದ ಕಡೆ ಹೋಗುವಾಗ ಪಡುವಣ ಬಿಸಿಲು ಎಡಗಡೆಯಿಂದ ನೇರ ಡ್ಯಾಶ್‌ಬೋರ್ಡಿಗೆ ಬೀಳುತ್ತದೆ, ಆ ಹೊತ್ತಿನಲ್ಲೇ ಹೆಚ್ಚು ಕಾಯುವುದು. 33 ವ್ಯಾಟಿನ ಫಾಸ್ಟ್ ಚಾರ್ಜರ್ ಇಲ್ಲಿ ಉಪಕಾರಕ್ಕಿಂತ ಉಪದ್ರ. 10–15 ವ್ಯಾಟ್ ಸಾಕು. ವಯರ್‌ಲೆಸ್ ಚಾರ್ಜಿಂಗ್ ಬೇಡವೇ ಬೇಡ. ದಪ್ಪ ಕವರ್ ತೆಗೆಯಿರಿ. ಡಿಸೈರಿನಲ್ಲಿ ಎಸಿ ಕಿಂಡಿಯ ಮುಂದೆ ಹೋಲ್ಡರ್ ಕೊಟ್ಟರೆ ತಣ್ಣಗಿರುತ್ತದೆ. ಏಸಿನಲ್ಲಿ ಎರಡು ಸ್ಕ್ರೂ ಹಾಕಿ ಬಿಗಿಯುವ ಹೋಲ್ಡರನ್ನು ಸ್ಟೀರಿಂಗಿನ ಎಡಕ್ಕೆ, ಗಾಜಿನ ಕೆಳ ಅಂಚಿಗಿಂತ ಮೇಲೆ ಬಾರದ ಹಾಗೆ ಕೂರಿಸಿ. ಸ್ಕ್ರೂ ಹಾಕುವ ಮೊದಲು ಕೆಳಗೆ ಕೈಹಾಕಿ ವಯರ್ ಕಟ್ಟು ಎಲ್ಲಿ ಹೋಗಿದೆ ನೋಡಿಕೊಳ್ಳಿ. ಗಾಜಿಗೆ ಅಂಟುವ ರಬ್ಬರ್ ಕಪ್ ಇಲ್ಲಿನ ಸೆಕೆಗೆ ಬಿಟ್ಟು ಬೀಳುತ್ತದೆ, ಬೀಳುವುದು ಬ್ರೇಕ್ ಪೆಡಲಿನ ಹತ್ತಿರ.

ಮೂಡುಬದಿ ಪಡುಬದಿ:

ಡೆಲಿವರಿಯವರಿಗೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪಿನ್, ಅಂದರೆ ಮ್ಯಾಪಿನಲ್ಲಿ ಜಾಗ ತೋರಿಸುವ ಗುರುತು. ಊರಿನ ಹೆಸರು ಬರೆದು ಹುಡುಕುವುದನ್ನು ಪೂರ್ತಿ ನಿಲ್ಲಿಸಿ. ಬೈಲೂರು ಉಡುಪಿ ಪೇಟೆಯಲ್ಲೂ ಉಂಟು, ಕಾರ್ಕಳದ ಹತ್ತಿರವೂ ಉಂಟು. ಬೆಳ್ಮ ದೇರಳಕಟ್ಟೆ ಕಡೆ, ಬೆಳ್ಮಣ್ ಕಾರ್ಕಳ ಕಡೆ. ಕೆಂಜಾರು ಬಜ್ಪೆಯಲ್ಲಿ, ಕುಂಜಾರು ಉಡುಪಿಯ ದಕ್ಷಿಣಕ್ಕೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಅಕ್ಷರ ಆಚೀಚೆ ಆದರೆ ಗಾಡಿ 30–40 ಕಿಲೋಮೀಟರ್ ತಪ್ಪುತ್ತದೆ.

ಗ್ರಾಹಕರಿಗೆ ಹೀಗೆ ಹೇಳಿ: ಮನೆಯೊಳಗಿಂದ ಅಲ್ಲ, ಗಾಡಿ ಬಂದು ನಿಲ್ಲುವ ಗೇಟಿನ ಹತ್ತಿರ ಬಂದು ವಾಟ್ಸ್‌ಆ್ಯಪಿನಲ್ಲಿ "ಪ್ರಸ್ತುತ ಲೊಕೇಶನ್" ಕಳಿಸಿ. ಅದರ ಕೆಳಗೆ ಎಷ್ಟು ಮೀಟರ್ ನಿಖರ ಅಂತ ಬರುತ್ತದೆ, ಅದು 10–15ಕ್ಕೆ ಇಳಿಯುವವರೆಗೆ ಕಾಯಬೇಕು. ಲೈವ್ ಲೊಕೇಶನ್ ಬೇಡ, ಅವರು ಪೇಟೆಗೆ ಹೊರಟರೆ ನಿಮ್ಮ ಏಸೂ ಅವರ ಹಿಂದೆ ಪೇಟೆಗೆ. ನಮ್ಮಲ್ಲಿ ಮನೆ ತೋಟದ ಮಧ್ಯೆ ಇರುತ್ತದೆ, ರಸ್ತೆ ಇನ್ನೊಂದು ಬದಿಯಿಂದ ಬಂದಿರುತ್ತದೆ. ಪಿನ್ ಮನೆಯ ಮೇಲೆ ಬಿದ್ದರೆ ಆಪ್ ಹತ್ತಿರದ ರಸ್ತೆಗೆ ಕೊಂಡೊಯ್ಯುತ್ತದೆ, ಅಲ್ಲಿ ನೋಡಿದರೆ ನಡುವೆ ಹೊಳೆಯೋ ಗದ್ದೆಯೋ.

ಬಂದ ಪಿನ್ನನ್ನು ಗೂಗಲ್‌ನಲ್ಲಿ ಒಂದು ಪಟ್ಟಿ ಮಾಡಿ ಸೇರಿಸಿ, ಪಟ್ಟಿಯನ್ನು ಎರಡೂ ಗಾಡಿಯ ಫೋನಿಗೆ ಹಂಚಿ. ಬರೀ ಲೇಬಲ್ ಹಾಕಿದರೆ ಆ ಒಂದು ಅಕೌಂಟಿಗೆ ಮಾತ್ರ ಕಾಣುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲಿನ ಅಂಗಡಿಗಳಿಗೆ ಟಿಪ್ಪಣಿಯಲ್ಲಿ "ಮೂಡು ಬದಿ", "ಪಡು ಬದಿ" ಅಂತ ಬರೆಯಿರಿ. ಹೆದ್ದಾರಿ ತೆಂಕು ಬಡಗಾಗಿ ಹೋಗುವ ಕಾರಣ ಪ್ರತಿ ಅಂಗಡಿಯೂ ಈ ಎರಡರಲ್ಲಿ ಒಂದು ಬದಿ ಇದ್ದೇ ಇರುತ್ತದೆ. ಇದು ಯಾಕೆ ಬೇಕು ಎಂದರೆ, ಬಯಲಲ್ಲಿ ಫೋನಿನ ಜಿಪಿಎಸ್ ತಪ್ಪುವುದು 3–5 ಮೀಟರ್, ಸರ್ವಿಸ್ ರಸ್ತೆ ಮತ್ತು ಹೆದ್ದಾರಿಯ ಅಂತರ ಕೆಲವು ಕಡೆ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಕೊಟ್ಟಾರ ಚೌಕಿ, ಪಂಪ್‌ವೆಲ್, ಕುಂದಾಪುರದ ಫ್ಲೈಓವರಿನಲ್ಲಿ ನೀವು ಮೇಲಿದ್ದೀರಾ ಕೆಳಗಿದ್ದೀರಾ ಎಂದು ಆಪಿಗೆ ಗಟ್ಟಿ ಗೊತ್ತಾಗುವುದಿಲ್ಲ. ಡ್ರೈವರಿಗೆ ಬದಿ ಮೊದಲೇ ಗೊತ್ತಿದ್ದರೆ ಫ್ಲೈಓವರ್ ಹತ್ತುವ ಮೊದಲೇ ಸರ್ವಿಸ್ ರಸ್ತೆಗೆ ಇಳಿಯುತ್ತಾನೆ. ತಪ್ಪಿದರೆ ಮುಂದಿನ ತಿರುವಿಗೆ ಹೋಗಿಯೇ ಬರಬೇಕು, ಸರ್ವಿಸ್ ರಸ್ತೆಯಲ್ಲಿ ಎದುರು ಬರುವ ಅಭ್ಯಾಸವನ್ನು ದಯವಿಟ್ಟು ಬಿಡಿಸಿ.

ಗುಂಡ್ಯ ಲೈನ್:

ಲಾರಿಗೆ ಮಾತ್ರ ಉತ್ತರ ಬೇರೆ. ಗೂಗಲ್ ಗಾಡಿಯ ಎತ್ತರ, ತೂಕ ಕೇಳುವುದೇ ಇಲ್ಲ, ಲಾರಿಯನ್ನೂ ಕಾರೆಂದೇ ತಿಳಿಯುತ್ತದೆ. ಶಿರಾಡಿಯಲ್ಲಿ ಬ್ಲಾಕ್ ಆದರೆ ಬಿಸಿಲೆ ಘಾಟಿ ಕಡೆಗೋ ಚಾರ್ಮಾಡಿ ಘಾಟಿ ಕಡೆಗೋ ಎಳೆಯುತ್ತದೆ. ಬಿಸಿಲೆ ರಸ್ತೆ ಕಿರಿದು. ಚಾರ್ಮಾಡಿಯಲ್ಲಿ ಭಾರೀ ವಾಹನಕ್ಕೆ ನಿರ್ಬಂಧ. 14 ತಿರುವಿನ ಆಗುಂಬೆಯಲ್ಲೂ ಹಾಗೆಯೇ. ಮಳೆಗಾಲದಲ್ಲಿ ಮಣ್ಣು ಜರಿದಾಗ ಜಿಲ್ಲಾಡಳಿತದ ಆದೇಶ ಮೊದಲು ಬರುತ್ತದೆ, ಮ್ಯಾಪಿಗೆ ಏರುವುದು ತಡ. ಹೊರಡುವ ದಿನ ಆದೇಶ ನೋಡಿಯೇ ಲೋಡ್ ಮಾಡಿ.

ರೂಟನ್ನು ಶಿರಾಡಿಯ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಕಟ್ಟಿಹಾಕಲು ಗುಂಡ್ಯ, ಸಕಲೇಶಪುರ ಎರಡನ್ನೂ ಸ್ಟಾಪಾಗಿ ಸೇರಿಸಿ. ಪಿನ್ನನ್ನು ನೀವು ಹೋಗುವ ಬದಿಯ ರಸ್ತೆಯ ಮೇಲೆಯೇ ಒತ್ತಬೇಕು. ಡಿವೈಡರಿನ ಆಚೆ ಬಿದ್ದರೆ ಯೂಟರ್ನ್ ಮಾಡು ಅಂತ ಹಟ ಹಿಡಿಯುತ್ತದೆ.

ಗುಂಡ್ಯ ದಾಟಿದ ಮೇಲೆ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ ಜಾಗ ಬೇಕಷ್ಟುಂಟು. ಜಿಪಿಎಸ್‌ಗೆ ನೆಟ್ ಬೇಡ, ಮ್ಯಾಪಿಗೆ ಬೇಕು. ಮಂಗಳೂರಿನಿಂದ ಹಾಸನದವರೆಗಿನ ಚೌಕವನ್ನು ಗೂಗಲ್‌ನಲ್ಲಿ ಆಫ್‌ಲೈನ್ ಡೌನ್‌ಲೋಡ್ ಮಾಡಿಡಿ, ವೈಫೈ ಸಿಕ್ಕಾಗ ಅಪ್‌ಡೇಟ್ ಆಗುವ ಹಾಗೆ ಬಿಡಿ. ಆಫ್‌ಲೈನಿನಲ್ಲಿ ಟ್ರಾಫಿಕ್ ಬರುವುದಿಲ್ಲ, ಅದು ನೆನಪಿರಲಿ.

ಜೊತೆಗೆ ಆಸ್ಮ್‌ಆ್ಯಂಡ್ ಆಪ್ ಹಾಕಿ, ಟ್ರಕ್ ಪ್ರೊಫೈಲಿನಲ್ಲಿ ಎತ್ತರ, ಅಗಲ, ತೂಕ ತುಂಬಿಸಿ. ಎತ್ತರವನ್ನು ಖಾಲಿ ಲಾರಿಯಲ್ಲಿ ಟೇಪ್ ಹಿಡಿದು ಅಳೆಯಿರಿ: ಲೋಡ್ ಇಳಿಸಿದಾಗ ಸ್ಪ್ರಿಂಗ್ ಪ್ಲೇಟ್ ಮೇಲೆದ್ದು ಬಾಡಿ ಎತ್ತರವಾಗುತ್ತದೆ, ರೈಲ್ವೆ ಅಂಡರ್‌ಪಾಸಿನಲ್ಲಿ ಹೋಗುವಾಗ ದಾಟಿ ಬರುವಾಗ ತಾಗುವುದು ಅದಕ್ಕೇ. ಅಳತೆಗೆ 15 ಸೆಂಟಿಮೀಟರ್ ಸೇರಿಸಿ ಬರೆಯಿರಿ. ಆದರೆ ಆ ಮ್ಯಾಪ್ ಸ್ವಯಂಸೇವಕರು ತುಂಬಿಸಿದ್ದು. ಒಂದು ಸೇತುವೆಗೆ ಮಿತಿ ಕಾಣದಿದ್ದರೆ ಮಿತಿ ಇಲ್ಲ ಎಂದಲ್ಲ, ಯಾರೂ ಬರೆದಿಲ್ಲ ಎಂದು ತಿಳಿಯಬೇಕು.

ಹಳದಿ ಬೋರ್ಡು:

ಡಿಸೈರಿಗೆ ಆ ಕಪ್ಪು ಪೆಟ್ಟಿಗೆಯೂ ಬೇಕು. 2019ರ ಜನವರಿ 1ರಿಂದ ನೋಂದಣಿಯಾದ ಟ್ಯಾಕ್ಸಿಗಳಿಗೆ ಎಐಎಸ್ 140 ಎಂಬ ಸರಕಾರಿ ಮಾನಕದ ಟ್ರ್ಯಾಕರ್, ಪ್ಯಾನಿಕ್ ಬಟನ್ ಕಡ್ಡಾಯ. ಮಾರುಕಟ್ಟೆಯ ಸಾದಾ ಟ್ರ್ಯಾಕರ್ ಹಾಕಿದರೆ ನಡೆಯುವುದಿಲ್ಲ, ಪ್ರಮಾಣಪತ್ರ ಇರುವುದನ್ನೇ ಹಾಕಿಸಿ.

ಕಾನೂನಿನ ಇನ್ನೊಂದು ವಿಷಯ: ಓಡಿಸುವಾಗ ಫೋನನ್ನು ದಾರಿ ನೋಡಲಿಕ್ಕೆ ಮಾತ್ರ, ಗಮನ ತಪ್ಪದ ಹಾಗೆ ಬಳಸಬಹುದು ಎಂದು 2020ರ ಅಕ್ಟೋಬರಿನಿಂದ ನಿಯಮದಲ್ಲೇ ಉಂಟು. ಕೈಯಲ್ಲಿ ಹಿಡಿದು ನೋಡಿದರೆ ಆ ರಕ್ಷಣೆ ಸಿಗುವುದಿಲ್ಲ. ವಿಳಾಸ ಹಾಕುವುದು ಗಾಡಿ ನಿಂತಾಗಲೇ.

ಬೈಕಂಪಾಡಿ ಲೋಡಿಂಗ್:

ತುಂಬಾ ಉಪಕಾರ ಆಯ್ತು. ಎರಡು ಸಂಶಯ. ಲಾರಿಯಲ್ಲಿ ಎರಡು ಬ್ಯಾಟರಿ ಉಂಟು, ಅದೇ ಕನ್ವರ್ಟರ್ ಆಗುತ್ತದಾ? ಮತ್ತೆ ಒಂದು ಏಸಿನಲ್ಲಿ ಡ್ಯಾಶ್‌ಕ್ಯಾಮ್ ಹಾಕಿದ ಮೇಲೆ ಫೋನಿನ ಬಾಣ ತಿರುಗಾಡ್ಲಿಕ್ಕೆ ಶುರುವಾಗಿದೆ, ಎಂತಕ್ಕೆ?

ವಯರಿಂಗ್ ಉಡುಪಿ:

ಎರಡು ಬ್ಯಾಟರಿ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ ಇದ್ದರೆ 24 ವೋಲ್ಟ್. ಮೀಟರ್ ಇಟ್ಟು ಖಾತ್ರಿ ಮಾಡಿ. ಮೈಮೇಲೆ 12–24 ಎಂದು ಬರೆದ ಕನ್ವರ್ಟರ್ ಆಗುತ್ತದೆ, ಬರೀ 12 ಇದ್ದರೆ ಕೂಡಲೇ ಸುಡುತ್ತದೆ. ಒಂದೇ ಬ್ಯಾಟರಿಯಿಂದ 12 ಕದಿಯುವ ಪದ್ಧತಿ ಬೇಡ: ಒಂದು ಬ್ಯಾಟರಿ ಇಳಿದು ಇನ್ನೊಂದು ಓವರ್‌ಚಾರ್ಜ್ ಆಗಿ ಎರಡೂ ಹಾಳಾಗುತ್ತವೆ.

ಡ್ಯಾಶ್‌ಕ್ಯಾಮಿನದ್ದು ರೇಡಿಯೊ ಗಲಾಟೆ ಇರಬೇಕು. ಕಡಿಮೆ ಬೆಲೆಯ ಕ್ಯಾಮೆರಾ, ಅದರ ಚಾರ್ಜರ್ ಎರಡೂ ಉಪಗ್ರಹದ ಸಿಗ್ನಲನ್ನು ಮುಳುಗಿಸುವಷ್ಟು ಗದ್ದಲ ಮಾಡುತ್ತವೆ. ಜಿಪಿಎಸ್‌ಟೆಸ್ಟ್ ತೆರೆದು ಬಯಲಲ್ಲಿ ನಿಲ್ಲಿಸಿ, ಪ್ರತಿ ಉಪಗ್ರಹದ ಎದುರಿರುವ ಸಿಗ್ನಲ್ ಅಂಕಿ ನೋಡಿ. 30ರ ಮೇಲೆ ಹಲವು ಇರಬೇಕು. ಕ್ಯಾಮೆರಾದ ಪ್ಲಗ್ ಎಳೆಯಿರಿ. ಅಂಕಿ ಏರಿದರೆ ಕಳ್ಳ ಅದೇ. ಮೊದಲು ಚಾರ್ಜರ್ ಮಾತ್ರ ಬದಲಿಸಿ ನೋಡಿ. ಅದರಿಂದಾಗದಿದ್ದರೆ ಕ್ಯಾಮೆರಾವನ್ನು ಕನ್ನಡಿಯ ಹಿಂದೆ, ಫೋನಿನಿಂದ ಎರಡಡಿಯಾದರೂ ದೂರ ಸರಿಸಿ, ಅದರ ಕೇಬಲ್ ಫೋನಿನ ಕೇಬಲಿನ ಜೊತೆ ಒಂದೇ ಕಟ್ಟಿನಲ್ಲಿ ಹೋಗದ ಹಾಗೆ ಎಡಗಡೆಯ ಕಂಬದಲ್ಲಿ ಇಳಿಸಿ.