ಕೆಲಸ ಹೋದ ಬಾಡಿಗೆದಾರರು, ಪಾರ್ಕ್ ಮಂಟಪ, ಭಾನುವಾರದ ಸಭೆ: ಬಡಾವಣೆ ಗುಂಪಿನ ಚರ್ಚೆ

ಸಂಘದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಹಿಂದಿನ ರಸ್ತೆಯ ಗಾರ್ಮೆಂಟ್ಸ್ ಘಟಕ ಮುಚ್ಚಿದ ಮೇಲೆ ಬಾಡಿಗೆ ಬಾಕಿಯ ಜಗಳ ಮನೆಮನೆಯಲ್ಲೂ ಶುರುವಾಗಿದೆ. ಪಾರ್ಕ್ ಮಂಟಪದಲ್ಲಿ ಮಲಗುತ್ತಿರುವ ಕುಟುಂಬ ಹೊರಗಿನವರಲ್ಲ, ನಮ್ಮದೇ ಬಡಾವಣೆಯ ಬಾಡಿಗೆದಾರರು. ಅವರ ಫೋಟೊ ಹಾಕಿದ್ದನ್ನು ಅಳಿಸಿದ್ದೇನೆ, ಮತ್ತೆ ಹಾಕಬೇಡಿ. ಭಾನುವಾರ ಬೆಳಗ್ಗೆ ಸಭೆ. ವಿಷಯ ಗೊತ್ತಿರುವವರು ಇಲ್ಲೇ ಬರೆದರೆ ಸಭೆಯಲ್ಲಿ ಹೊತ್ತು ಉಳಿಯುತ್ತದೆ.

2ನೇ ಅಡ್ಡರಸ್ತೆ
112ಕ್ಕೆ ಫೋನ್ ಮಾಡಿದರೆ ಪೊಲೀಸರು ಬಂದು ಎಲ್ಲಾದರೂ ಸೇರಿಸುತ್ತಾರಲ್ಲ?

ಆಶ್ರಯ ಕೇಂದ್ರದ ಸ್ವಯಂಸೇವಕರು
ಆ 'ಎಲ್ಲಾದರೂ' ಎಲ್ಲಿ ಅನ್ನೋದು ಮುಖ್ಯ ಸರ್. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದವರನ್ನು ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ನಾವು ಆಸ್ತಿ ತೆರಿಗೆ ಜೊತೆ ಕಟ್ಟುವ 3% ಭಿಕ್ಷುಕರ ಕರ ಹೋಗೋದು ಅದಕ್ಕೇ. ಒಳಗೆ ಹೋದವರು ತಮಗೆ ಬೇಕಾದಾಗ ಎದ್ದು ಬರುವಂತಿಲ್ಲ. ಭಿಕ್ಷೆಯನ್ನೇ ಬೇಡದ, ಬೆಳಗಾದರೆ ಕೆಲಸ ಹುಡುಕಬೇಕಾದ ದಂಪತಿಗೆ ಅದು ಜಾಗವಲ್ಲ.

ಕೇಳಬೇಕಾದ್ದು ಪಾಲಿಕೆಯ ನಗರ ವಸತಿರಹಿತರ ಆಶ್ರಯ ಕೇಂದ್ರ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ 24 ಗಂಟೆ ತೆರೆದಿರುವ ಒಂದು ಕೇಂದ್ರ, ತಲೆಗೆ 50 ಚದರ ಅಡಿ ಜಾಗ ಇರಬೇಕು. ಕಾಗದದಲ್ಲಿ ಇಷ್ಟು. ಎಡವೋದು ಎಲ್ಲಿ ಅಂದರೆ, ಹೆಚ್ಚಿನವು ಗಂಡಸರಿಗೆ ಇಲ್ಲವೇ ಹೆಂಗಸರಿಗೆ, ಇಡೀ ಕುಟುಂಬ ಒಟ್ಟಿಗೆ ಇರುವಂಥವು ಬಹಳ ಕಡಿಮೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಅಂದಾಕ್ಷಣ ಜನ ಪಾರ್ಕೇ ಸಾಕು ಅಂತ ವಾಪಸ್ ಬರುತ್ತಾರೆ. ಅದಕ್ಕೇ ಕಳಿಸುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ: ಕುಟುಂಬಕ್ಕೆ ಜಾಗ ಇದೆಯಾ, ಸಾಮಾನು ಎಷ್ಟು ಇಡಬಹುದು, ರಾತ್ರಿ ಎಷ್ಟು ಗಂಟೆಯೊಳಗೆ ಸೇರಬೇಕು. ಮಕ್ಕಳ ವಿಷಯಕ್ಕೆ 1098, ಹೆಂಗಸರಿಗೆ 181, ವಯಸ್ಸಾದವರಿಗೆ 14567.

ಮನೆ ಮಾಲೀಕರು, 7ನೇ ಅಡ್ಡರಸ್ತೆ
ನಮ್ಮ ಕಷ್ಟವನ್ನೂ ಕೇಳಿ. ಬಾಡಿಗೆ ಬಂದರೆ ತಾನೇ ಬ್ಯಾಂಕ್ ಕಂತು ಕಟ್ಟೋದು. ಬಾಕಿ ಮುರಿದುಕೊಳ್ಳೋಕೆ ಅಡ್ವಾನ್ಸ್ ಇದೆ ನಿಜ, ಅದು ಮುಗಿದ ಮೇಲೆ?

ವಕೀಲೆ, 5ನೇ ಅಡ್ಡರಸ್ತೆ
ಮುಗಿಯುವ ತನಕ ಇಬ್ಬರೂ ಕಾಯುತ್ತಾರಲ್ಲ, ಅಲ್ಲೇ ಇಬ್ಬರಿಗೂ ನಷ್ಟ. ಲೆಕ್ಕ ಹಾಕಿ ನೋಡಿ. ಬಾಡಿಗೆ 12,000, ಅಡ್ವಾನ್ಸ್ 1,00,000 ಅಂದುಕೊಳ್ಳಿ. ಎರಡು ತಿಂಗಳು ಬಾಕಿ ಆದಾಗ ಖಾಲಿ ಮಾಡಿದರೆ ಬಾಕಿ 24,000, ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು 12,000 ಕಳೆದು 64,000 ಕೈಗೆ ಬರುತ್ತದೆ. ಅದರಲ್ಲಿ 5,000-6,000 ಬಾಡಿಗೆಯ ಒಂಟಿ ಕೋಣೆಗೆ ಅಡ್ವಾನ್ಸ್ ಕೊಟ್ಟು ಕೆಲವು ತಿಂಗಳು ಉಸಿರಾಡಬಹುದು. ಅದೇ ಆರು ತಿಂಗಳು ಕಾದರೆ 72,000 ಮತ್ತು 12,000 ಹೋಗಿ ಉಳಿಯೋದು 16,000. ಕರೆಂಟ್ ಬಿಲ್ ಬಾಕಿ ಇದ್ದರೆ ಅದೂ ಅದರಲ್ಲೇ. ಆ ದುಡ್ಡಿಗೆ ಈ ಊರಲ್ಲಿ ಯಾವ ಮನೆಯೂ ಸಿಗಲ್ಲ. ಬೀದಿಗೆ ಬರೋದು ಕೆಲಸ ಹೋದ ದಿನ ಅಲ್ಲ, ಅಡ್ವಾನ್ಸ್ ಕರಗಿದ ದಿನ.

ಮಾಲೀಕರು ಮಾಡಬಾರದ ಕೆಲಸವನ್ನೂ ಹೇಳಿಬಿಡುತ್ತೇನೆ. ಬೀಗದ ಮೇಲೆ ಬೀಗ ಹಾಕೋದು, ನೀರು ನಿಲ್ಲಿಸೋದು, ಪಾತ್ರೆ ಹಾಸಿಗೆ ಹಿಡಿದಿಟ್ಟುಕೊಳ್ಳೋದು ಬೇಡ. ಕಾನೂನು ಪ್ರಕಾರ ಅಲ್ಲದೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಸ್ವಾಧೀನ ಪಡೆಯಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ಮೀರಿದ ಬಾಡಿಗೆಗೆ ಅನ್ವಯಿಸಲ್ಲ, ಹಾಗಾಗಿ ಇಲ್ಲಿ ಬಹುತೇಕ ಮನೆಗಳಿಗೆ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಕರಾರಿನಲ್ಲಿ ಬೇರೆ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್. ನೋಟಿಸ್ ಬಂತು ಅಂದರೆ 16ನೇ ದಿನ ಸಾಮಾನು ಹೊರಗೆ ಅಂತಲ್ಲ. ಬಾಡಿಗೆದಾರ ಬಿಡದಿದ್ದರೆ ಕೋರ್ಟ್ ಆದೇಶ ಬೇಕೇ ಬೇಕು. ಬಾಕಿಗಾಗಿಯೇ ದಾವೆ ಹಾಕಿದ್ದರೆ, ಬಾಕಿ, ಬಡ್ಡಿ, ಖರ್ಚು ಕಟ್ಟಿದವರಿಗೆ ಮನೆ ಉಳಿಸಿಕೊಡುವ ಅಧಿಕಾರವೂ ಕೋರ್ಟಿಗಿದೆ.

ವಕೀಲರಿಗೆ ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಲಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆಯೇ ಉಚಿತ ಕಾನೂನು ನೆರವು ಸಿಗುತ್ತದೆ.

2ನೇ ಅಡ್ಡರಸ್ತೆ
ಸರಿ ಮೇಡಂ. ಆದರೆ ಎರಡನೇ ತಿಂಗಳಲ್ಲೇ ಸಣ್ಣ ಮನೆಗೆ ಹೋಗಿ ಅಂದರೆ ಯಾರು ಒಪ್ಪುತ್ತಾರೆ? ಮುಂದಿನ ತಿಂಗಳು ಕೆಲಸ ಸಿಗುತ್ತೆ ಅಂತಲೇ ಎಲ್ಲರೂ ಕೂತಿರುತ್ತಾರೆ.

ವಕೀಲೆ, 5ನೇ ಅಡ್ಡರಸ್ತೆ
ಒಪ್ಪಲ್ಲ, ನಿಜ. ಒಪ್ಪಿದವರಿಗೂ ಇನ್ನೊಂದು ಗೋಡೆ ಇದೆ. ಹೊಸ ಮಾಲೀಕರು ಮೊದಲು ಕೇಳೋದು 'ಎಲ್ಲಿ ಕೆಲಸ?'. ಐಡಿ ಕಾರ್ಡ್ ಇಲ್ಲ ಅಂದರೆ ಬಾಗಿಲು ಹಾಕುತ್ತಾರೆ. ನಮ್ಮಲ್ಲೇ ಸಣ್ಣ ಕೋಣೆ ಇರುವ ಮಾಲೀಕರು ಒಂದಷ್ಟು ಜನ ಇದ್ದಾರೆ. ಸಂಘ ಪರಿಚಯ ಪತ್ರ ಕೊಟ್ಟರೆ ಅರ್ಧ ಕೆಲಸ ಆಯಿತು.

ಪಿಎಫ್ ಕೆಲಸ ಬಲ್ಲವರು, 1ನೇ ಮುಖ್ಯರಸ್ತೆ
ಅದಕ್ಕೂ ಮೊದಲು ಅವರಿಗೆ ಬರಬೇಕಾದ ದುಡ್ಡು ಬರಲಿ. ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಒಂದು, ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ ಅಂತ ಇನ್ನೂ ಕೆಲಸದಲ್ಲಿರುವವರಿಗೆ ಹೇಳಿ. 'ನೀನೇ ಬಿಟ್ಟೆ' ಅಂತ ಬರೆಸಿಕೊಂಡರೆ ಛಾಟಣಿ (ಕಂಪನಿಯೇ ಕೆಲಸದಿಂದ ತೆಗೆಯೋದು) ಪರಿಹಾರ ಹೋಯಿತು. ಕೈಗಾರಿಕಾ ಕಾರ್ಮಿಕರನ್ನು ಛಾಟಣಿ ಮಾಡಿದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಬರಬೇಕು. ಕೊಡದಿದ್ದರೆ ದೂರು ಕಾರ್ಮಿಕ ಇಲಾಖೆಗೆ, ಪೊಲೀಸ್ ಠಾಣೆಗಲ್ಲ.

ಗ್ರಾಚ್ಯುಟಿ (ದೀರ್ಘ ಸೇವೆಗೆ ಕಂಪನಿ ಕೊಡುವ ಮೊತ್ತ) ಬೇರೆ. ಐದು ವರ್ಷ ಆಗಿದ್ದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಬಂದದ್ದನ್ನು ಸೇವಾ ವರ್ಷಗಳಿಂದ ಗುಣಿಸಿ. 13,000 ಇದ್ದವರಿಗೆ ವರ್ಷಕ್ಕೆ 7,500, ಆರು ವರ್ಷಕ್ಕೆ 45,000. ಇದು ಬಾಡಿಗೆ ಬಾಕಿಯನ್ನೆಲ್ಲ ತೀರಿಸುವ ಮೊತ್ತ, ಆದರೆ ಯಾರೂ ಕೇಳೋದೇ ಇಲ್ಲ.

ಕೆಲಸ ಹೋದ ಮೇಲೆ ಪಿಎಫ್‌ನಲ್ಲಿ 75% ತೆಗೆಯಬಹುದು. ಅರ್ಜಿ ತಿರಸ್ಕಾರ ಆಗೋದು ಹೆಚ್ಚಾಗಿ ಈ ಕಾರಣಗಳಿಗೆ: ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು, ಕಂಪನಿಯವರು ಕೆಲಸ ಬಿಟ್ಟ ದಿನಾಂಕ ಹಾಕಿಲ್ಲ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದರೆ ಆ ದಿನಾಂಕವನ್ನು ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪೋರ್ಟಲ್‌ನಲ್ಲಿ ನೌಕರರೇ ಹಾಕಿಕೊಳ್ಳಬಹುದು, ಕಂಪನಿ ಬಾಗಿಲಿಗೆ ಅಲೆಯಬೇಕಿಲ್ಲ. ಐದು ವರ್ಷಕ್ಕಿಂತ ಕಡಿಮೆ ಸೇವೆ, 50,000 ಅಥವಾ ಹೆಚ್ಚು ಮೊತ್ತ ಆದರೆ ಪ್ಯಾನ್ ಇದ್ದರೂ 10% ತೆರಿಗೆ ಹಿಡಿಯಬಹುದು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಅರ್ಜಿ ಜೊತೆಗೇ ತೆರಿಗೆ ಹಿಡಿಯಬೇಡಿ ಅನ್ನುವ ಘೋಷಣೆ ಹಾಕಲಿ.

ಇನ್ನು ಎಲ್ಲರೂ ಬೀಳುವ ಗುಂಡಿ. ಪಿಎಫ್ ದುಡ್ಡು ಬರೋದು ಹಳೇ ಸಂಬಳದ ಖಾತೆಗೆ. ಅದೇ ಖಾತೆಯಿಂದ ಬೈಕ್ ಸಾಲ, ಮೊಬೈಲ್ ಕಂತು, ಆ್ಯಪ್ ಸಾಲ ತಾನಾಗಿ ಕಡಿತ. ದುಡ್ಡು ಬಂದ ದಿನವೇ ಬಾಕಿ ಕಂತು, ಬೌನ್ಸ್ ದಂಡ ಎಲ್ಲ ಸೇರಿ ನುಂಗಿಬಿಡುತ್ತವೆ, ಬಾಡಿಗೆಗೆ ಏನೂ ಉಳಿಯಲ್ಲ. ಅರ್ಜಿ ಹಾಕುವ ಮೊದಲು ಯುಎಎನ್‌ನಲ್ಲಿ ಸಾಲ ಜೋಡಣೆ ಇಲ್ಲದ ಖಾತೆ ಸೇರಿಸಿ. ಸಾಲಕ್ಕೆ ಕಂತು ಮುಂದೂಡಿ ಅಂತ ಬ್ಯಾಂಕಿಗೆ ಲಿಖಿತ ಅರ್ಜಿ ಕೊಡಿ. ವಸೂಲಿಗಾರರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ.

ಇಎಸ್‌ಐ (ಕಾರ್ಮಿಕರ ವಿಮೆ) ಇದ್ದವರು ಕೆಲಸ ಹೋದವರಿಗಿರುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಈಗ ಜಾರಿಯಲ್ಲಿದೆಯಾ ಅಂತ ಕೇಳಲಿ: ಸರಾಸರಿ ದಿನಗೂಲಿಯ 50%, ಹೆಚ್ಚೆಂದರೆ 90 ದಿನ, ಜೀವನದಲ್ಲಿ ಒಮ್ಮೆ.

ಮೊಬೈಲ್ ಅಂಗಡಿ, ಮುಖ್ಯರಸ್ತೆ
ಇದಕ್ಕೆಲ್ಲ ಓಟಿಪಿ ಬೇಕು ಸಾರ್. ರೀಚಾರ್ಜ್ ಇಲ್ಲದೆ 90 ದಿನ ಬಳಕೆ ಆಗದಿದ್ದರೆ ನಂಬರ್ ರದ್ದಾಗಬಹುದು, ಆಮೇಲೆ ಬೇರೆಯವರಿಗೆ ಹೋಗುತ್ತೆ. ಸಿಮ್‌ನಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇಟ್ಟರೆ ಅದನ್ನು ಕಡಿದು 30 ದಿನ ಮುಂದುವರಿಸುತ್ತಾರೆ. ಪಾರ್ಕಿನವರ ಎರಡು ನಂಬರಿಗೆ ನಾನು ಹಾಕುತ್ತೇನೆ. ಚಾರ್ಜಿಂಗ್‌ಗೂ ಅಂಗಡಿಗೇ ಬರಲಿ.

ಶಿಕ್ಷಕಿ, 3ನೇ ಅಡ್ಡರಸ್ತೆ
ಮಕ್ಕಳ ಬಗ್ಗೆ ಚಿಕ್ಕದಾಗಿ. ಫೀಸ್ ಬಾಕಿ ಅಂತ ಖಾಸಗಿ ಶಾಲೆ ಟಿಸಿ ತಡೆದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. 6ರಿಂದ 14 ವರ್ಷದ ಮಕ್ಕಳಿಗೆ ಟಿಸಿ ತಡವಾಯಿತು ಅನ್ನೋದು ಪ್ರವೇಶ ನಿರಾಕರಿಸಲು ಕಾರಣವಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಬಿಸಿಯೂಟವೂ ಸಿಗುತ್ತೆ. ದೊಡ್ಡವರಿಗೆ ಇಂದಿರಾ ಕ್ಯಾಂಟೀನ್, ತಿಂಡಿ 5, ಊಟ 10 ರೂಪಾಯಿ. ಪಡಿತರ ಚೀಟಿ ಊರಿನದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತರಬಹುದು.

ಮನೆ ಮಾಲೀಕರು, 7ನೇ ಅಡ್ಡರಸ್ತೆ
ಪರಿಚಯ ಪತ್ರ ಸರಿ. ಆದರೆ ಅಡ್ವಾನ್ಸ್ ಇಲ್ಲದೆ ಕೋಣೆ ಕೊಟ್ಟರೆ ನನಗೇನು ಭದ್ರತೆ? ಸಂಘದ ದುಡ್ಡಿನಿಂದ ಕೊಡಿ.

ಸಂಘದ ಖಜಾಂಚಿ
ನಿರ್ವಹಣಾ ನಿಧಿಯಿಂದ ಸಾಧ್ಯವಿಲ್ಲ. ನೋಂದಾಯಿತ ಸಂಘ, ಸಾಮಾನ್ಯ ಸಭೆಯ ತೀರ್ಮಾನ ಇಲ್ಲದೆ ಬೇರೆ ಉದ್ದೇಶಕ್ಕೆ ಒಂದು ರೂಪಾಯಿ ತೆಗೆದರೂ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತೇವೆ. ನನ್ನ ಸಲಹೆ: ಇಷ್ಟ ಇದ್ದವರಿಂದ ಪ್ರತ್ಯೇಕ ಅಡ್ವಾನ್ಸ್ ನಿಧಿ, ಎರಡು ಸಹಿಯ ಖಾತೆ. ದುಡ್ಡು ಬಾಡಿಗೆದಾರರ ಕೈಗಲ್ಲ, ನೇರ ಮಾಲೀಕರ ಖಾತೆಗೆ. ಖಾಲಿ ಮಾಡುವಾಗ ನಿಧಿಗೇ ವಾಪಸ್ ಅಂತ ಕರಾರಿನಲ್ಲೇ ಬರೆಯಬೇಕು. ಪಿಎಫ್ ಬಂದ ಮೇಲೆ ಕಂತಿನಲ್ಲಿ ತೀರಿಸಲಿ, ಬಡ್ಡಿ ಬೇಡ. ಯಾರಿಗೆ ಕೊಟ್ಟೆವು ಅಂತ ಗುಂಪಿನಲ್ಲಿ ಹಾಕೋದೂ ಬೇಡ. ಹೆಸರು ಬಂದರೆ ಮುಂದಿನವರು ಕೇಳೋಕೇ ಬರಲ್ಲ.

ಮನೆ ಮಾಲೀಕರು, 7ನೇ ಅಡ್ಡರಸ್ತೆ
ಹಾಗಾದರೆ ನಮ್ಮ ತಾರಸಿ ಕೋಣೆ ಖಾಲಿ ಇದೆ. ಎರಡು ತಿಂಗಳ ಅಡ್ವಾನ್ಸ್ ಸಾಕು. ನೀರಿನ ಪೈಪ್ ಒಡೆದಿದೆ, ರಿಪೇರಿಗೆ ಎರಡು ದಿನ ಕೊಡಿ.

ಸಂಘದ ಕಾರ್ಯದರ್ಶಿ
ಒಳ್ಳೆಯದಾಯಿತು. ಪೈಪ್ ರಿಪೇರಿ ಆಗುವ ತನಕ ರಾತ್ರಿ ಹೊತ್ತಿಗೆ ಸಂಘದ ಕಚೇರಿ ಕೋಣೆ ತೆರೆದಿಡುತ್ತೇನೆ, ಶೌಚಾಲಯ ಅಲ್ಲೇ ಇದೆ. ಸಭೆಗೆ ಬರುವ ಬಾಡಿಗೆದಾರರು ಕರಾರು ಪತ್ರ, ಕೊನೆಯ ಸಂಬಳ ಚೀಟಿ, ಆಧಾರ್, ಯುಎಎನ್ ನಂಬರ್ ತರಲಿ. ಪಿಎಫ್ ಟೇಬಲ್ ಒಂದು, ಕರಾರು ನೋಡುವ ಟೇಬಲ್ ಇನ್ನೊಂದು. ಖಾಲಿ ಕೋಣೆ ಇರುವ ಮಾಲೀಕರು ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ಇಲ್ಲಿ ಹಾಕಬೇಡಿ, ಬ್ರೋಕರ್‌ಗಳೂ ಈ ಗುಂಪಿನಲ್ಲಿದ್ದಾರೆ.