'ವೆರಿಫಿಕೇಶನ್'ಗೆ 'ಪರಿಶೀಲನೆ' ಸಾಕೇ? ಅಣ್ವಸ್ತ್ರ ಒಪ್ಪಂದಗಳ ಕೆಲವು ಪದಗಳು

ಪ್ರಶ್ನೆ: ನಮಸ್ಕಾರ. ಅಣ್ವಸ್ತ್ರ ನಿಯಂತ್ರಣದ ಬರಹಗಳಲ್ಲಿ ವೆರಿಫಿಕೇಶನ್, ಇನ್‌ಸ್ಪೆಕ್ಷನ್, ಮಾನಿಟರಿಂಗ್ ಮೂರಕ್ಕೂ 'ಪರಿಶೀಲನೆ'ಯೇ ಬಂದು ಕೂರುತ್ತದೆ. 'ಸತ್ಯಾಪನೆ' ಹಿಂದಿಯಿಂದ ಎತ್ತಿ ತಂದಂತಿದೆ. 'ದೃಢೀಕರಣ' ಆಗಬಹುದೇ? ಸೇಫ್‌ಗಾರ್ಡ್ಸ್‌ಗೆ 'ಸುರಕ್ಷತಾ ಕ್ರಮ' ಎಂದರೆ ಸರಿಯೇ? ತಿಳಿದವರು ಹೇಳಬೇಕು.

ಉತ್ತರ: ಮೂರೂ ಬೇರೆ ಬೇರೆ ಕೆಲಸಗಳು. ಅಮೆರಿಕ ಮತ್ತು ರಷ್ಯಾ 2010ರಲ್ಲಿ ಪ್ರಾಗ್‌ನಲ್ಲಿ ಸಹಿ ಹಾಕಿದ ನ್ಯೂ ಸ್ಟಾರ್ಟ್ ಒಪ್ಪಂದವನ್ನೇ ನೋಡಿ. 2026ರ ಫೆಬ್ರುವರಿಯಲ್ಲಿ ಅದರ ಅವಧಿ ಮುಗಿಯುವವರೆಗೆ ನಿಯೋಜಿತ ಸಿಡಿತಲೆಗಳ ಮಿತಿ 1,550 ಆಗಿತ್ತು. ವರ್ಷಕ್ಕೆ ಎರಡು ಸಲ ಎರಡೂ ದೇಶಗಳು ತಮ್ಮ ಲೆಕ್ಕವನ್ನು ಪರಸ್ಪರ ಒಪ್ಪಿಸಬೇಕಿತ್ತು. ಇದು 'ಘೋಷಣೆ'. ಉಪಗ್ರಹಗಳಿಂದ ಸದಾ ಕಣ್ಣಿಟ್ಟಿರುವುದು ಮಾನಿಟರಿಂಗ್. ಅದಕ್ಕೆ 'ನಿಗಾ' ಚೆನ್ನಾಗಿ ಒಗ್ಗುತ್ತದೆ. ತಂಡವೊಂದು ಕ್ಷಿಪಣಿ ನೆಲೆಯೊಳಗೇ ಹೋಗಿ ನೋಡುವುದು ಇನ್‌ಸ್ಪೆಕ್ಷನ್, ಅಂದರೆ 'ತಪಾಸಣೆ'. ವರ್ಷಕ್ಕೆ ಹೆಚ್ಚೆಂದರೆ 18 ತಪಾಸಣೆಗೆ ಅವಕಾಶವಿತ್ತು. ಯಾವ ಕ್ಷಿಪಣಿಯಲ್ಲಿ ಎಷ್ಟು ಸಿಡಿತಲೆಗಳಿವೆ ಎಂದು ನೆಲೆಯವರು ಮೊದಲೇ ಹೇಳುತ್ತಿದ್ದರು. ತಂಡ ತನಗೆ ಬೇಕಾದ ಒಂದು ಕ್ಷಿಪಣಿಯನ್ನು ಆರಿಸುತ್ತಿತ್ತು. ಸಿಡಿತಲೆಗಳ ಮೇಲೆ ಮುಸುಕು ಹಾಕಿ ತೋರಿಸುತ್ತಿದ್ದರು, ತಂಡ ಎಣಿಸುತ್ತಿತ್ತು. ಒಂದು ವಸ್ತು ಸಿಡಿತಲೆಯಲ್ಲ ಎಂದು ನೆಲೆಯವರು ಹೇಳಿದರೆ ನ್ಯೂಟ್ರಾನ್ ಅಳೆಯುವ ಉಪಕರಣ ಹಿಡಿದು ನೋಡಬಹುದಿತ್ತು. ಅಣ್ವಸ್ತ್ರವಲ್ಲ ಎಂದು ತಿಳಿಯುವುದಕ್ಕಷ್ಟೇ ಆ ಉಪಕರಣ. ಅಣ್ವಸ್ತ್ರದ ವಿನ್ಯಾಸದ ಗುಟ್ಟು ಬಯಲಾಗಬಾರದು. ಎಣಿಸಿದ್ದು ಘೋಷಿಸಿದ್ದಕ್ಕೆ ಹೊಂದಿತೇ ಎಂಬ ತೀರ್ಮಾನವಿದೆಯಲ್ಲ, ಅದೇ ವೆರಿಫಿಕೇಶನ್.

'ಪರಿಶೀಲನೆ'ಯಲ್ಲಿ ಈ ಹೋಲಿಕೆಯೇ ಇಲ್ಲ. ಅರ್ಜಿ ಪರಿಶೀಲನೆಯಲ್ಲಿದೆ ಎಂದರೆ ಯಾರೋ ನೋಡುತ್ತಿದ್ದಾರೆ, ಅಷ್ಟೆ. ಲೆಕ್ಕಪತ್ರದವರ ಬಾಯಲ್ಲಿ ಸರಿಯಾದ ಮಾತಿದೆ: 'ತಾಳೆ ನೋಡುವುದು'. 1987ರಲ್ಲಿ ಸೋವಿಯತ್ ಒಕ್ಕೂಟದ ಜತೆ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ (ಐಎನ್‌ಎಫ್) ಒಪ್ಪಂದಕ್ಕೆ ಸಹಿ ಹಾಕುವಾಗ ಅಮೆರಿಕದ ಅಧ್ಯಕ್ಷ ರೇಗನ್ ಹೇಳಿದ ರಷ್ಯನ್ ಗಾದೆಯನ್ನು 'ನಂಬು, ಆದರೆ ತಾಳೆ ನೋಡು' ಎಂದರೆ ಕನ್ನಡದಲ್ಲೂ ಗಾದೆಯಾಗಿಯೇ ನಿಲ್ಲುತ್ತದೆ.

'ದೃಢೀಕರಣ' ಬೇಡವೇ ಬೇಡ. ಅದರಲ್ಲಿ ಉತ್ತರ ಮೊದಲೇ 'ಹೌದು' ಎಂದಾಗಿಬಿಡುತ್ತದೆ. 1992ರಲ್ಲಿ ಉತ್ತರ ಕೊರಿಯಾ, ತಾನು ಬೇರ್ಪಡಿಸಿದ್ದು ಸುಮಾರು 90 ಗ್ರಾಂ ಪ್ಲುಟೋನಿಯಂ (ಬಾಂಬಿಗೆ ಬಳಸಬಹುದಾದ ಅಣುವಸ್ತು), ಅದೂ ಒಂದೇ ಸಲ ಎಂದಿತ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ (ಐಎಇಎ) ಒಯ್ದ ಮಾದರಿಗಳ ವಿಶ್ಲೇಷಣೆಯಲ್ಲಿ ಹಲವು ಸಲ ಬೇರ್ಪಡಿಸಿರುವುದಕ್ಕೆ ಸುಳಿವು ಸಿಕ್ಕಿತು. ತಪಾಸಣೆ ನಡೆಯಿತು, ತಾಳೆಯಾಗಲಿಲ್ಲ. ಈ ವಾಕ್ಯವನ್ನು 'ದೃಢೀಕರಣ' ಇಟ್ಟುಕೊಂಡು ಬರೆದು ನೋಡಿ, ತೊಡಕು ಗೊತ್ತಾಗುತ್ತದೆ.

ಸೇಫ್‌ಗಾರ್ಡ್ಸ್‌ಗೆ 'ಸುರಕ್ಷತೆ' ತಪ್ಪು, ಅಪಾಯಕಾರಿ ತಪ್ಪು. ಅಪಘಾತವಾಗದಂತೆ, ವಿಕಿರಣ ಸೋರದಂತೆ ನೋಡಿಕೊಳ್ಳುವುದು ಸುರಕ್ಷತೆ. ಸೇಫ್‌ಗಾರ್ಡ್ಸ್ ಎಂದರೆ ಅಣುವಸ್ತು ಗುಟ್ಟಾಗಿ ಬಾಂಬಿನ ಕಡೆ ತಿರುಗದಂತೆ ಲೆಕ್ಕ, ಸೀಲು, ಕ್ಯಾಮೆರಾಗಳಿಂದ ಕಾಯುವುದು. ಸೀಲು ಕೂಡ ಕಳವನ್ನು ತಡೆಯುವುದಿಲ್ಲ, ಮುಟ್ಟಿದ್ದನ್ನು ತೋರಿಸಿಕೊಡುತ್ತದೆ. ಭಾರತ 2009ರಲ್ಲಿ ಐಎಇಎ ಜತೆ ಸಹಿ ಹಾಕಿದ ಒಪ್ಪಂದದ ಪಟ್ಟಿಯಲ್ಲಿ ಕೈಗಾದ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರುಗಳು ಸೇರಿಲ್ಲ. ಅವುಗಳ ಸುರಕ್ಷತೆ ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಹೊಣೆ. 'ಸುರಕ್ಷತಾ ಒಪ್ಪಂದದಿಂದ ಕೈಗಾ ಹೊರಗೆ' ಎಂದು ಶೀರ್ಷಿಕೆ ಕೊಟ್ಟರೆ ಕಾರವಾರದ ಓದುಗರು ಏನೆಂದುಕೊಳ್ಳಬೇಕು? 'ನಿಗಾ ಒಪ್ಪಂದ' ಎನ್ನಿ. ಶೀರ್ಷಿಕೆಯಲ್ಲೂ ಹಿಡಿಸುತ್ತದೆ.

ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅನುವಾದದಲ್ಲಿ ಹೆಚ್ಚು ಕೆಡುವುದು ಇದೇ: ಐಎಇಎ ಲೆಕ್ಕದ 'ಎಂಯುಎಫ್' (ಮೆಟೀರಿಯಲ್ ಅನ್‌ಅಕೌಂಟೆಡ್ ಫಾರ್). ಆರಂಭದ ಶಿಲ್ಕಿಗೆ ಜಮಾ ಕೂಡಿಸಿ, ಹೊರಹೋದದ್ದನ್ನು ಕಳೆಯಿರಿ. ಬಂದ ಮೊತ್ತದಿಂದ, ನಿಜವಾಗಿ ತೂಗಿ ಅಳೆದ ದಾಸ್ತಾನನ್ನು ಕಳೆದರೆ ಸಿಗುವ ವ್ಯತ್ಯಾಸವೇ ಅದು. 'ಕಾಣೆಯಾದ ಪ್ಲುಟೋನಿಯಂ' ಎಂದರೆ ಕಳ್ಳತನದ ಆರೋಪವಾಗುತ್ತದೆ. ಕೊಳವೆಯಲ್ಲಿ ಅಂಟಿಕೊಂಡದ್ದು, ತ್ಯಾಜ್ಯದೊಡನೆ ಹೋದದ್ದು, ಅಳತೆಯ ದೋಷ ಎಲ್ಲವೂ ಅದರೊಳಗೆ ಬರುತ್ತವೆ. ವರ್ಷಕ್ಕೆ 8,000 ಕೆಜಿ ಪ್ಲುಟೋನಿಯಂ ಹಾಯುವ ಸ್ಥಾವರದಲ್ಲಿ ಶೇ 1ರಷ್ಟು ದೋಷವೆಂದರೆ 80 ಕೆಜಿ. ಒಂದು ಬಾಂಬಿಗೆ ಸಾಕಾದೀತೆಂದು ಐಎಇಎ ಎಣಿಸುವುದು 8 ಕೆಜಿ. ಹೀಗಾಗಿ ಲೆಕ್ಕವೊಂದನ್ನೇ ನೆಚ್ಚಿಕೊಳ್ಳದೆ ಸೀಲು, ಕ್ಯಾಮೆರಾಗಳನ್ನೂ ಬಳಸುತ್ತಾರೆ. 'ಲೆಕ್ಕಕ್ಕೆ ಸಿಗದ ವಸ್ತು' ಎಂದರೆ ಸಾಕು.

ಮರುಪ್ರಶ್ನೆ: 'ತಾಳೆ' ಒಪ್ಪಿಗೆಯಾಯಿತು. ಆದರೆ 'ತಾಳೆ ವ್ಯವಸ್ಥೆ' ಎಂದು ಬರೆದರೆ ಓದುಗರಿಗೆ ತಾಳೆ ಎಣ್ಣೆ ನೆನಪಾಗದೇ?

ಉತ್ತರ: ಆಗುತ್ತದೆ, ನಿಮ್ಮ ಮಾತು ನಿಜ. ಕ್ರಿಯಾಪದವಾಗಿ 'ತಾಳೆ ನೋಡು', 'ತಾಳೆಯಾಗು' ಇರಲಿ. ನಾಮಪದ ಬೇಕಾದಲ್ಲಿ 'ತಾಳೆನೋಟ' ಎಂದು ಕೂಡಿಸಿ ಬರೆಯಬಹುದು. ಬಳಸಿ ತೋರಿಸುತ್ತೇನೆ: '2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ತಪಾಸಣೆ ನಿಂತಿತು. 2023ರ ಫೆಬ್ರುವರಿಯಲ್ಲಿ ರಷ್ಯಾ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ತನ್ನ ಪಾಲ್ಗೊಳ್ಳುವಿಕೆಯನ್ನು ಅಮಾನತಿನಲ್ಲಿಟ್ಟ ಮೇಲೆ ಘೋಷಣೆಯೂ ನಿಂತಿತು. ಉಪಗ್ರಹಗಳ ನಿಗಾ ಮಾತ್ರ ಉಳಿಯಿತು; ತಾಳೆನೋಟಕ್ಕೆ ಅದೊಂದೇ ಸಾಲದು.' ಇಲ್ಲೆಲ್ಲ 'ಪರಿಶೀಲನೆ' ಎಂದೇ ಬರೆದಿದ್ದರೆ ಏನು ನಿಂತಿತು, ಏನು ಉಳಿಯಿತು ಎಂಬುದೇ ತಿಳಿಯುತ್ತಿರಲಿಲ್ಲ.