ಐದೇ ಸುತ್ತಿನ ಡ್ರಾಫ್ಟು, ನನ್ನ ಹತ್ತು ಹೆಸರಿನ ಪಟ್ಟಿ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕನ್ನಡದಲ್ಲೇ, ಅದೂ ಪೂರ್ತಿ ವಾಕ್ಯಗಳಲ್ಲೇ ಬರೆಯಬೇಕೆಂಬುದು ಮೈಸೂರಿನ ಅತ್ತೆ ಹಾಕಿಕೊಟ್ಟ ಕಟ್ಟಳೆ. 2020ರ ಜೂನ್ 9ರಂದು, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಡ್ರಾಫ್ಟಿನ ಹಿಂದಿನ ದಿನ, ನಾನು ಆ ಗುಂಪಿಗೆ ಹಾಕಿದ ಒಂದು ಪಟ್ಟಿಯಿಂದ ಎದ್ದ ವಾದವನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಇಲ್ಲಿ ಕೊಡುತ್ತಿದ್ದೇನೆ. ನಾವಿರುವುದು ಮಿಶಿಗನ್ನಿನ ನೋವೈನಲ್ಲಿ. ಚಿಕ್ಕಪ್ಪನ ಮನೆ ಅರಿಜೋನಾದ ಚಾಂಡ್ಲರಿನಲ್ಲಿ.

ಜೂನ್ 9

ನಾನು: ಎರಡು ತಿಂಗಳು ಕೂತು ಮಾಡಿದ ಪಟ್ಟಿ ಇದು. ಒಂದರಿಂದ ಹತ್ತರವರೆಗೆ ನನ್ನ ಕ್ರಮ ಹೀಗಿದೆ: ಸ್ಪೆನ್ಸರ್ ಟೋರ್ಕಲ್ಸನ್, ಆಸ್ಟಿನ್ ಮಾರ್ಟಿನ್, ಏಸಾ ಲೇಸಿ, ನಿಕ್ ಗೊನ್ಜಾಲೆಸ್, ಎಮರ್ಸನ್ ಹ್ಯಾನ್‌ಕಾಕ್, ಜ್ಯಾಕ್ ವೀನ್, ಮ್ಯಾಕ್ಸ್ ಮೇಯರ್, ರೀಡ್ ಡೆಟ್ಮರ್ಸ್, ಗ್ಯಾರೆಟ್ ಕ್ರೋಶೆ, ಆಸ್ಟಿನ್ ಹೆಂಡ್ರಿಕ್. ಇವರಲ್ಲಿ ವೀನ್ ಮತ್ತು ಹೆಂಡ್ರಿಕ್ ಮಾತ್ರ ಹೈಸ್ಕೂಲು ಹುಡುಗರು. ಕೊರೊನಾದ ಕಾರಣ ಕಾಲೇಜು ತಂಡಗಳು ಈ ವಸಂತದಲ್ಲಿ ಆಡಿದ್ದು ನಾಲ್ಕೇ ವಾರವಾದ್ದರಿಂದ, ಹಿಂದಿನ ಎರಡು ವರ್ಷಗಳ ದಾಖಲೆ ಗಟ್ಟಿಯಾಗಿರುವವರನ್ನು ಮೇಲಿಟ್ಟಿದ್ದೇನೆ. ತಪ್ಪು ಕಂಡರೆ ದಯವಿಟ್ಟು ಹೇಳಿ.

ಅತ್ತೆ (ಮೈಸೂರು): ಪುಟ್ಟ, ಪಟ್ಟಿ ಅಂದವಾಗಿದೆ. ಆದರೆ ಈ ಡ್ರಾಫ್ಟ್ ಎನ್ನುವುದು ನಮ್ಮ ಐಪಿಎಲ್ ಹರಾಜಿನಂತೆಯೇ, ಬೇರೆಯೇ ಎಂಬುದನ್ನು ಯಾರಾದರೂ ತಿಳಿಸಿದರೆ ನನಗೂ ನಿಮ್ಮ ವಾದ ಹಿಡಿಸೀತು.

ಅಪ್ಪ: ಅಕ್ಕ, ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ, ಇಲ್ಲಿ ಕೂಗಾಟವೇ ಇಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡ ಮೊದಲು ಆರಿಸುತ್ತದೆ, ಆರಿಸಲ್ಪಟ್ಟ ಹುಡುಗ ಆ ತಂಡದೊಂದಿಗೇ ಮಾತಾಡಬೇಕು. 2019ರಲ್ಲಿ ನಮ್ಮ ಡೆಟ್ರಾಯ್ಟ್ ಟೈಗರ್ಸ್ 47 ಗೆದ್ದು 114 ಸೋತಿತು, ಆದ್ದರಿಂದ ನಾಳೆ ಮೊದಲ ಹೆಸರು ನಮ್ಮದು. ಹೋದ ವರ್ಷ 40 ಸುತ್ತುಗಳಲ್ಲಿ 1,217 ಹುಡುಗರನ್ನು ಆರಿಸಿದ್ದರು. ಈ ವರ್ಷ ಆದಾಯವೇ ಇಲ್ಲವೆಂದು ಐದು ಸುತ್ತಿಗೆ ಇಳಿಸಿದ್ದಾರೆ, ಒಟ್ಟು 160 ಹೆಸರು ಮಾತ್ರ.

ಚಿಕ್ಕಪ್ಪ (ಚಾಂಡ್ಲರ್): ಪುಟ್ಟ, ನಿನ್ನ ಶ್ರಮವನ್ನು ಮೆಚ್ಚಿಕೊಂಡೇ ಕೇಳುತ್ತಿದ್ದೇನೆ. ದಾಖಲೆ ಗಟ್ಟಿಯಾಗಿರುವವರನ್ನು ಮೇಲಿಟ್ಟೆ ಎನ್ನುತ್ತೀಯ. ಹಾಗಾದರೆ ಒಂಬತ್ತನೆಯ ಸ್ಥಾನದಲ್ಲಿ ಕ್ರೋಶೆ ಹೇಗೆ ಬಂದ? ಟೆನೆಸ್ಸೀಯ ಆ ಹುಡುಗನಿಗೆ ಭುಜ ನೋವಿದ್ದು ಮೂರು ವಾರ ಕೂತಿದ್ದ. ಈ ವಸಂತದಲ್ಲಿ ಅವನು ಎಸೆದದ್ದು ಒಂದೇ ಪಂದ್ಯದಲ್ಲಿ, ಮೂರು ಇನಿಂಗ್ಸು, ಅದರ ಮೇಲೆ ಇನ್ನೊಂದರ ಮೂರನೆಯ ಒಂದು ಭಾಗದಷ್ಟು. ಇತ್ತ ಅರ್ಕಾನ್ಸಾದ ಹೆಸ್ಟನ್ ಕೆರ್‌ಸ್ಟಾಡ್ ಅದೇ ನಾಲ್ಕು ವಾರದಲ್ಲಿ 16 ಪಂದ್ಯ ಆಡಿ 0.448 ಸರಾಸರಿಯಲ್ಲಿ (ನೂರು ಸರದಿಗೆ ಸುಮಾರು 45 ಯಶಸ್ವಿ ಹೊಡೆತ) ಹೊಡೆದಿದ್ದಾನೆ, ಹಿಂದಿನ ಎರಡು ವರ್ಷವೂ ಚೆನ್ನಾಗಿಯೇ ಆಡಿದ್ದಾನೆ, ಅವನ ಹೆಸರು ನಿನ್ನ ಪಟ್ಟಿಯಲ್ಲೇ ಇಲ್ಲ. ಒಬ್ಬನಿಗೆ ಒಂದು ತಕ್ಕಡಿ, ಇನ್ನೊಬ್ಬನಿಗೆ ಇನ್ನೊಂದು ತಕ್ಕಡಿ ಆಗಬಾರದಲ್ಲವೆ?

ನಾನು: ಚಿಕ್ಕಪ್ಪ, ಕೆರ್‌ಸ್ಟಾಡನನ್ನು ನಾನು ಹನ್ನೆರಡನೆಯವನಾಗಿ ಇಟ್ಟಿದ್ದೆ, ಹತ್ತಕ್ಕೆ ನಿಲ್ಲಿಸಿದ್ದರಿಂದ ಕಾಣುತ್ತಿಲ್ಲ. ಅವನ ಹೊಡೆತದ ಬಲದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಹಿಂದಿನ ಎರಡು ವರ್ಷ ಅವನು ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಔಟ್) ಆದ ಸಂಖ್ಯೆ ನನ್ನನ್ನು ಹಿಡಿದು ನಿಲ್ಲಿಸಿತು. ಕ್ರೋಶೆಯದು ಬೇರೆ ಪ್ರಶ್ನೆ. ಆರಡಿ ಆರಂಗುಲದ ಎಡಗೈ ಪಿಚರ್, ಗಂಟೆಗೆ ನೂರು ಮೈಲಿಯ ಹತ್ತಿರ ಎಸೆಯುವವನು. ತಂಡಗಳ ಪರವಾಗಿ ಆಟಗಾರರನ್ನು ನೋಡಿ ಅಳೆಯುವ ಸ್ಕೌಟುಗಳು ಪ್ರತಿಯೊಂದು ಗುಣಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ, 50 ಎಂದರೆ ಮೇಜರ್ ಲೀಗಿನ ಸಾಧಾರಣ ಮಟ್ಟ. ಅಂಥ ವೇಗಕ್ಕೆ ಸಿಗುವ ಅಂಕ ಆ ಅಳತೆಗೋಲಿನ ತುದಿಯ ಹತ್ತಿರದ್ದು. ಅದನ್ನು ಒಂದು ಪಂದ್ಯದಲ್ಲಿ ಕಂಡರೂ ಕಂಡದ್ದೇ.

ಚಿಕ್ಕಪ್ಪ (ಚಾಂಡ್ಲರ್): ಒಪ್ಪಿದೆ, ಕಂಡದ್ದು ಕಂಡದ್ದೇ. ನನ್ನ ತಕರಾರು ಕಾಣದೆ ಹೋದವರ ಬಗ್ಗೆ. ಫ್ಲಾರಿಡಾದಲ್ಲಿ ಹೈಸ್ಕೂಲು ಪಂದ್ಯಗಳು ಫೆಬ್ರವರಿಯಲ್ಲೇ ಶುರುವಾಗಿದ್ದರಿಂದ ವೀನನನ್ನು ನೋಡಲು ಜನ ಹೋದರು. ಆರಿಗನ್ನಿನ ಮಿಕ್ ಏಬಲ್‌ನ ಊರಿನಲ್ಲಿ ಪಂದ್ಯಗಳು ಆರಂಭವಾಗುವ ಮೊದಲೇ ಎಲ್ಲ ಮುಚ್ಚಿತು. ಪೆನ್ಸಿಲ್ವೇನಿಯಾದ ನಿಕ್ ಬಿಟ್ಸ್ಕೊ 2021ರಲ್ಲಿ ಹೈಸ್ಕೂಲು ಮುಗಿಸಬೇಕಾಗಿದ್ದವನು. ಬೇಗ ಓದು ಮುಗಿಸಿ ಈ ವರ್ಷವೇ ಬರುತ್ತೇನೆಂದು ಜನವರಿಯಲ್ಲಿ ನಿರ್ಧರಿಸಿದ, ಆಮೇಲೆ ಒಂದು ಪಂದ್ಯವೂ ನಡೆಯಲಿಲ್ಲ. ಇವರು ಕೆಳಗಿಳಿದರೆ ಅದಕ್ಕೆ ಕಾರಣ ಅವರ ಕೈ ಅಲ್ಲ, ಅವರ ಊರಿನ ಹವೆ.

ನಾನು: ಅವರಿಬ್ಬರೂ ಕಾಣದೆ ಹೋದವರಲ್ಲ. ಹೋದ ಬೇಸಿಗೆಯ ಪ್ರದರ್ಶನ ಪಂದ್ಯಗಳಲ್ಲಿ ದೊಡ್ಡ ದೊಡ್ಡ ಸ್ಕೌಟುಗಳ ಮುಂದೆ ಎಸೆದವರು. ನನ್ನ ಹದಿನೈದರೊಳಗೆ ಏಬಲ್ ಇದ್ದಾನೆ.

ಚಿಕ್ಕಪ್ಪ (ಚಾಂಡ್ಲರ್): ಆ ಪ್ರದರ್ಶನ ಪಂದ್ಯಗಳಿಗೆ ವಿಮಾನದ ಖರ್ಚು, ಹೋಟೆಲಿನ ಖರ್ಚು, ಬೇಸಿಗೆಯಿಡೀ ಒಬ್ಬರು ಕೆಲಸ ಬಿಟ್ಟು ಜೊತೆಗಿರಬೇಕಾದ ಖರ್ಚು ಎಲ್ಲ ಇವೆ. ಹೋಗದವನನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಿನ್ನ ಮೊದಲ ಹೆಸರನ್ನೇ ತೆಗೆದುಕೋ. 2017ರಲ್ಲಿ ಟೋರ್ಕಲ್ಸನ್ ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ ಹೈಸ್ಕೂಲು ಮುಗಿಸಿದಾಗ ಆ ವರ್ಷ 40 ಸುತ್ತುಗಳಿದ್ದವು, ಸಾವಿರದ ಇನ್ನೂರಕ್ಕೂ ಹೆಚ್ಚು ಹೆಸರು ಕರೆದರು, ಅವನ ಹೆಸರನ್ನು ಒಬ್ಬರೂ ಕರೆಯಲಿಲ್ಲ. ಮೂರೇ ವರ್ಷದಲ್ಲಿ ಅವನು ದೇಶಕ್ಕೇ ಮೊದಲಿಗ.

ನಾನು: ಚಿಕ್ಕಪ್ಪ, ಈ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಹದಿನೆಂಟರಲ್ಲಿ ಯಾರಿಗೂ ತಿಳಿಯದ್ದು ಕಾಲೇಜಿನ ಮೂರು ವರ್ಷದಲ್ಲಿ ತಿಳಿಯಿತು. ನಿಮ್ಮ ಮನೆಯಿಂದ ಹತ್ತಿರವೇ ಇರುವ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷವೇ 25 ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದ. ಅಲ್ಲಿ ಹೊಸಬರ ದಾಖಲೆ ಬ್ಯಾರಿ ಬಾಂಡ್ಸ್ ಹೆಸರಲ್ಲಿತ್ತು, ಅದು 11. ಈ ವಸಂತದ 17 ಪಂದ್ಯಗಳಲ್ಲಿ ಪಿಚರುಗಳು ಅವನಿಗೆ ಹೊಡೆಯಲು ಸಿಗದಂತೆ ಎಸೆದೂ ಎಸೆದೂ 31 ಸಲ ಪುಕ್ಕಟೆಯಾಗಿ ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ಕಳಿಸಿದ್ದಾರೆ. ಗೊನ್ಜಾಲೆಸ್ ವಿಷಯವೂ ಹೀಗೆಯೇ. ಅವನು 16 ಪಂದ್ಯದಲ್ಲಿ 12 ಹೋಮ್ ರನ್ ಹೊಡೆದಾಗ, ನ್ಯೂ ಮೆಕ್ಸಿಕೋದ ಆ ಎತ್ತರದ ಊರಿನಲ್ಲಿ ಗಾಳಿ ತೆಳು, ಚೆಂಡು ತಾನಾಗಿಯೇ ಹಾರುತ್ತದೆ ಎಂದವರಿದ್ದರು. ಆದರೆ ಹೋದ ಬೇಸಿಗೆ ಅವನು ಸಮುದ್ರದ ದಡದ ಕೇಪ್ ಕಾಡ್ ಲೀಗಿನಲ್ಲಿ, ಕಾಲೇಜಿನ ಲೋಹದ ಬ್ಯಾಟು ಬಿಟ್ಟು ಮರದ ಬ್ಯಾಟು ಹಿಡಿದು, ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಗೆದ್ದಿದ್ದಾನೆ. ಇಂಥ ಸಾಕ್ಷಿ ಹೈಸ್ಕೂಲು ಹುಡುಗನೊಬ್ಬನಿಂದ ಎಲ್ಲಿ ಸಿಗಬೇಕು?

ಅಪ್ಪ: ಟೋರ್ಕಲ್ಸನ್ ನಮಗೆ ಬಂದರೆ ನನಗೆ ಸಂತೋಷ. ಆದರೂ ಒಂದು ಅಳುಕಿದೆ. ಮೊದಲ ಬೇಸಿನಲ್ಲಿ ನಿಲ್ಲುವವನನ್ನು ಮೊದಲ ಹೆಸರಾಗಿ ಕರೆಯುವುದು ತೀರ ಅಪರೂಪ. 2000ದಲ್ಲಿ ಏಡ್ರಿಯನ್ ಗೊನ್ಜಾಲೆಸನನ್ನು ಕರೆದ ಮೇಲೆ ಹಾಗೆ ಆಗಿಯೇ ಇಲ್ಲ. ಅಲ್ಲಿ ಫೀಲ್ಡಿಂಗ್ ಕೆಲಸ ಹಗುರ, ಆದ್ದರಿಂದ ಅಲ್ಲಿ ನಿಲ್ಲುವವನು ಬ್ಯಾಟಿನಿಂದಲೇ ಎಲ್ಲವನ್ನೂ ತೀರಿಸಬೇಕು.

ಚಿಕ್ಕಪ್ಪ (ಚಾಂಡ್ಲರ್): ಅಣ್ಣ, ಟೈಗರ್ಸ್ ಅವನನ್ನೇ ತೆಗೆದುಕೊಳ್ಳುತ್ತಾರೆ, ಅನುಮಾನ ಬೇಡ. ನನ್ನ ಕಣ್ಣಿರುವುದು ಎರಡನೆಯವರಾದ ಬಾಲ್ಟಿಮೋರಿನವರ ಮೇಲೆ. ಅಲ್ಲಿ ತಂಡ ಕಟ್ಟುವ ಹೊಣೆ ಹೊತ್ತ ಮೈಕ್ ಇಲಾಯಸ್ 2012ರಲ್ಲಿ ಹ್ಯೂಸ್ಟನ್ನಿನಲ್ಲಿದ್ದರು. ಆ ವರ್ಷ ಹ್ಯೂಸ್ಟನ್ ಮೊದಲ ಹೆಸರಾಗಿ ಕಾರ್ಲೋಸ್ ಕೊರಿಯಾನನ್ನು ಕರೆದು, 72 ಲಕ್ಷ ಡಾಲರ್ ನಿಗದಿಯಾಗಿದ್ದ ಜಾಗಕ್ಕೆ 48 ಲಕ್ಷಕ್ಕೆ ಒಪ್ಪಿಸಿತು, ಉಳಿದ ಹಣದಿಂದ 41ನೆಯವನಾಗಿ ಲ್ಯಾನ್ಸ್ ಮೆಕಲರ್ಸ್‌ನನ್ನು ಹಿಡಿಯಿತು. ನಾಳೆಯೂ ಹಾಗೇ ಕಡಿಮೆ ಹಣಕ್ಕೆ ಒಪ್ಪುವವನನ್ನು ಕರೆದರೆ ಮಾರ್ಟಿನ್ ಕೆಳಗಿಳಿಯುತ್ತಾನೆ.

ನಾನು: ಇಳಿದರೂ ನನ್ನ ಪಟ್ಟಿ ಬದಲಾಗುವುದಿಲ್ಲ. ಯಾರು ಯಾವಾಗ ಹೋಗುತ್ತಾರೆಂಬ ಭವಿಷ್ಯ ಅಲ್ಲ ಅದು. ಯಾರ ಆಟದಲ್ಲಿ ನನಗೆ ಎಷ್ಟು ನಂಬಿಕೆ ಎಂಬುದು ಮಾತ್ರ.

ಅತ್ತೆ (ಮೈಸೂರು): ಇಷ್ಟೆಲ್ಲ ಓದಿದ ಮೇಲೆ ಕೇಳುತ್ತೇನೆ, ಚಾಂಡ್ಲರಿನ ನಮ್ಮ ಹುಡುಗನ ಹೆಸರು ಎಷ್ಟನೆಯದು? ಅವನೂ ಈ ವರ್ಷವೇ ಹೈಸ್ಕೂಲು ಮುಗಿಸಿದನಲ್ಲವೆ?

ಚಿಕ್ಕಪ್ಪ (ಚಾಂಡ್ಲರ್): ಅಕ್ಕ, ಅವನ ಹೆಸರು ಯಾರ ಪಟ್ಟಿಯಲ್ಲೂ ಇಲ್ಲ, ಇರಬೇಕೆಂದು ನಾನು ಹೇಳುವುದೂ ಇಲ್ಲ. ಈ ವಸಂತದಲ್ಲಿ ಮೂರು ಪಂದ್ಯದಲ್ಲಿ ಎಸೆದ, ಅಷ್ಟರಲ್ಲಿ ಶಾಲೆ ಮುಚ್ಚಿತು. ಮಾರ್ಚ್ ಕೊನೆಯಿಂದ ದಿನವೂ ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮೊದಲು, ಹಿತ್ತಲಿನಲ್ಲಿ ಟೇಪು ಹಿಡಿದು ಅರುವತ್ತು ಅಡಿ ಆರಂಗುಲ ಅಳೆದು ಗುರುತು ಹಾಕಿದ ಜಾಗದಲ್ಲಿ ನಾನು ಕುಕ್ಕರುಗಾಲಿನಲ್ಲಿ ಕೂರುತ್ತೇನೆ, ಅವನು ಎಸೆಯುತ್ತಾನೆ. ಅಕ್ಕಿ ಡಬ್ಬದ ಮೇಲೆ ಫೋನು ನಿಲ್ಲಿಸಿ ವಿಡಿಯೋ ಮಾಡುತ್ತೇವೆ. ಜನವರಿಯಲ್ಲಿ 85 ಮೈಲಿ ಇದ್ದದ್ದು ಹೋದ ವಾರ 89 ಮುಟ್ಟಿತು. ಆ ನಾಲ್ಕು ಮೈಲಿಯನ್ನು ನೋಡಿದ್ದು ನಾನು, ಅವನ ಅಮ್ಮ, ಪಕ್ಕದ ಮನೆಯವರು. ಸ್ಕೌಟುಗಳು ಎಲ್ಲಿಗೂ ಹೋಗಿ ನೋಡುವಂತಿಲ್ಲ ಎಂದು ಲೀಗೇ ತಡೆದಿದೆ.

ಪುಟ್ಟ, ನಾನು ಕ್ರೋಶೆಯ ವಿಷಯ ಎತ್ತಿದ್ದು ಇದಕ್ಕೇ. ಮೇಲಿನ ಹತ್ತರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತಪ್ಪಿದರೆ ಅವರಿಗೆ ಕೆಲವು ಲಕ್ಷ ಡಾಲರ್ ವ್ಯತ್ಯಾಸವಾದೀತು. 160ರಲ್ಲಿ ಗೆರೆ ಎಳೆದದ್ದರಿಂದ 161ನೆಯವನಿಗೆ ಆಗುವುದು ಬೇರೆ ಬಗೆಯದು. ಹೋದ ವರ್ಷದವರೆಗೆ ಹತ್ತನೆಯ ಸುತ್ತಿನ ನಂತರದವರಿಗೂ ತಂಡಗಳು ಡ್ರಾಫ್ಟಿಗೆಂದು ತಮಗೆ ನಿಗದಿಯಾದ ಒಟ್ಟು ಹಣದ ಲೆಕ್ಕಕ್ಕೆ ಬಾರದಂತೆ 1,25,000 ಡಾಲರಿನವರೆಗೆ ಕೊಡಬಹುದಿತ್ತು. ಈ ವರ್ಷ ಆಯ್ಕೆಯಾಗದವನಿಗೆ 20,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮೇಜರ್ ಲೀಗಿನ ದೊಡ್ಡ ಹೆಸರುಗಳನ್ನೇ ನೋಡು: ಡ್ರಾಫ್ಟಿನಲ್ಲಿ ಜೇಕಬ್ ಡಿಗ್ರಾಮ್ 272ನೆಯವನು, ಆಲ್ಬರ್ಟ್ ಪೂಹೋಲ್ಸ್ 402ನೆಯವನು. 1988ರಲ್ಲಿ 62ನೆಯ ಸುತ್ತಿನಲ್ಲಿ 1,390ನೆಯವನಾಗಿ ಬಂದ ಮೈಕ್ ಪಿಯಾಜಾ ಇಂದು ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮಿನಲ್ಲಿದ್ದಾರೆ. ಇಲ್ಲಿ ನಮ್ಮೂರಿನವರು ಮಗನಂತೆ ಪ್ರೀತಿಸಿದ ಪಾಲ್ ಗೋಲ್ಡ್‌ಶ್ಮಿಟ್ ಎಂಟನೆಯ ಸುತ್ತಿನವನು. ಇವರಲ್ಲಿ ಒಬ್ಬರೂ ನಾಳೆಯ ಡ್ರಾಫ್ಟಿನಲ್ಲಿ ಸಿಗುವವರಲ್ಲ.

ಚಿಕ್ಕಮ್ಮ (ಚಾಂಡ್ಲರ್): ಇನ್ನೊಂದನ್ನು ಇವರು ಹೇಳಲಿಲ್ಲ. ಇವನಿಗೆ ಜಾಗ ಕೊಡುತ್ತೇವೆಂದಿದ್ದ ವಿಶ್ವವಿದ್ಯಾಲಯದ ಕೋಚ್ ಹೋದ ಶುಕ್ರವಾರ ಫೋನು ಮಾಡಿದ್ದರು. ಕೊನೆಯ ವರ್ಷದ ಆಟಗಾರರಿಗೆ ಇನ್ನೊಂದು ವರ್ಷ ಆಡುವ ಅವಕಾಶ ಸಿಕ್ಕಿರುವುದರಿಂದ, ಡ್ರಾಫ್ಟಿನಲ್ಲಿ ಹೋಗಬೇಕಾಗಿದ್ದವರೂ ಹೋಗದೆ ಉಳಿಯುವುದರಿಂದ, ತಂಡ ತುಂಬಿಹೋಗಿದೆಯಂತೆ. ಮಾತು ನಾಲ್ಕು ನಿಮಿಷವೂ ಆಗಲಿಲ್ಲ. ಇವನು "ಆಗಲಿ ಸರ್, ತಿಳಿಸಿದ್ದಕ್ಕೆ ಧನ್ಯವಾದ" ಎಂದು ಫೋನಿಟ್ಟು, ಗ್ಲೌಸಿಗೆ ಎಣ್ಣೆ ಹಚ್ಚುತ್ತ ಬಹಳ ಹೊತ್ತು ಕೂತಿದ್ದ.

ನಾನು: ಚಿಕ್ಕಮ್ಮ, ಇದು ನನಗೆ ಗೊತ್ತಿರಲಿಲ್ಲ. ತಮ್ಮನಿಗೆ ಈಗಲೇ ಫೋನು ಮಾಡುತ್ತೇನೆ.

ಜೂನ್ 10, ರಾತ್ರಿ

ಅಪ್ಪ: ಟೋರ್ಕಲ್ಸನ್ ನಮ್ಮವನಾದ! ಹೆಸರು ಕರೆಯುವಾಗ ಮೂರನೆಯ ಬೇಸಿನ ಆಟಗಾರನೆಂದೇ ಕರೆದರು. ಅವನನ್ನು ಅಲ್ಲಿ ನಿಲ್ಲಿಸಿ ನೋಡುವ ಯೋಚನೆ ಇದ್ದರೆ ನನ್ನ ಅಳುಕು ಅರ್ಧ ಕಡಿಮೆಯಾಯಿತು.

ನಾನು: ಚಿಕ್ಕಪ್ಪ, ಬಾಲ್ಟಿಮೋರಿನ ವಿಷಯದಲ್ಲಿ ನೀವು ಹೇಳಿದ್ದೇ ಆಯಿತು, ಅದೂ ನಾನು ಹೊರಗಿಟ್ಟ ಕೆರ್‌ಸ್ಟಾಡನನ್ನೇ ಎರಡನೆಯವನಾಗಿ ಕರೆದು. ಮಾರ್ಟಿನ್ ಐದನೆಯವನಾಗಿ ಟೊರಾಂಟೋಕ್ಕೆ ಹೋದ. ಆದರೆ ಮೊದಲ ಏಳೂ ಕಾಲೇಜಿನವರು. ಮೊದಲ ಹೈಸ್ಕೂಲು ಹುಡುಗ ರಾಬರ್ಟ್ ಹ್ಯಾಸೆಲ್ ಬಂದದ್ದು ಎಂಟನೆಯವನಾಗಿ. ಕ್ರೋಶೆ ಹನ್ನೊಂದನೆಯವನು, ನಾನು ಕೊಟ್ಟ ಸ್ಥಾನಕ್ಕೂ ಅದಕ್ಕೂ ಎರಡೇ ಅಂತರ. ತಂಡಗಳೂ ನನ್ನ ಹಾಗೆಯೇ ಸಾಕ್ಷಿಯನ್ನೇ ನೋಡಿವೆ.

ಚಿಕ್ಕಪ್ಪ (ಚಾಂಡ್ಲರ್): ನೋಡಿವೆ, ಒಪ್ಪುತ್ತೇನೆ. ಅದರ ಜೊತೆಗೆ ಏಬಲ್ ಹದಿನೈದನೆಯವನಾಗಿ, ಬಿಟ್ಸ್ಕೊ ಇಪ್ಪತ್ತನಾಲ್ಕನೆಯವನಾಗಿ ಹೋದದ್ದನ್ನೂ ಬರೆದುಕೋ. ಇಬ್ಬರೂ ಈ ವಸಂತದಲ್ಲಿ ಒಂದೂ ಪಂದ್ಯ ಆಡದವರು. ಬಾಸ್ಟನ್ನಿನವರು ಹದಿನೇಳನೆಯವನಾಗಿ ಕರೆದ ನಿಕ್ ಯಾರ್ಕ್ ನಿನ್ನ ಮೊದಲ ಐವತ್ತರಲ್ಲಿ ಇದ್ದನೆ?

ನಾನು: ಇರಲಿಲ್ಲ.

ಜೂನ್ 11, ರಾತ್ರಿ

ನಾನು: ಐದು ಸುತ್ತೂ ಮುಗಿದವು. ನಿನ್ನೆಯಿಂದ ಯೋಚಿಸಿ ಪಟ್ಟಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಕ್ರಮವನ್ನು ಮುಟ್ಟಿಲ್ಲ, ಏಕೆಂದರೆ ಗೊನ್ಜಾಲೆಸ್ ಬಗ್ಗೆ, ಮಾರ್ಟಿನ್ ಬಗ್ಗೆ ನನ್ನ ನಂಬಿಕೆ ಹಾಗೆಯೇ ಇದೆ. ಪ್ರತಿ ಹೆಸರಿನ ಮುಂದೆ ಈ ವರ್ಷ ಅವನು ಎಷ್ಟು ಪಂದ್ಯದಲ್ಲಿ ಕಂಡ ಎಂಬುದಕ್ಕೆ ಒಂದು ಅಂಕಣ ಸೇರಿಸಿದ್ದೇನೆ. ಕೆಲವು ಹೆಸರುಗಳ ಮುಂದೆ ಸೊನ್ನೆ ಬರುತ್ತದೆ. ಆ ಸೊನ್ನೆಯನ್ನು ಇಲ್ಲಿಯವರೆಗೆ ನಾನು ಆಟಗಾರನ ಅಂಕವೆಂಬಂತೆ ಓದುತ್ತಿದ್ದೆ. ಅದು ನೋಡುವವರ ಅಂಕ.

ಚಿಕ್ಕಪ್ಪ (ಚಾಂಡ್ಲರ್): ಇಷ್ಟನ್ನೇ ನಾನು ಕೇಳಿದ್ದು, ಪುಟ್ಟ.

ತಮ್ಮ (ಚಾಂಡ್ಲರ್): ಅಣ್ಣ, ನಾನು ಇಲ್ಲಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರುವುದೆಂದು ನಿರ್ಧಾರವಾಯಿತು. ನಾಲ್ಕು ವರ್ಷದ ಕಾಲೇಜಿಗೆ ಹೋಗಿದ್ದರೆ ಮೂರು ವರ್ಷ ಮುಗಿಯುವವರೆಗೆ, ಇಲ್ಲವೇ 21 ತುಂಬುವವರೆಗೆ ಡ್ರಾಫ್ಟಿಗೆ ಕಾಯಬೇಕಿತ್ತು. ಇಲ್ಲಿಂದ ಮುಂದಿನ ವರ್ಷವೇ ಅರ್ಹನಾಗುತ್ತೇನೆ. ಅಲ್ಲಿಯವರೆಗೆ ನನ್ನ ವಿಡಿಯೋಗಳನ್ನು ನೀನು ನೋಡಿ, ಬೇರೆಯವರಿಗೆ ಕೊಡುವ ಹಾಗೆಯೇ 20ರಿಂದ 80ರ ಅಳತೆಯಲ್ಲಿ ಅಂಕ ಕೊಡಬೇಕು. ತಮ್ಮನೆಂದು ಹೆಚ್ಚು ಕೊಡಬಾರದು.

ನಾನು: ಕೊಡುವುದಿಲ್ಲ. ಫೋನನ್ನು ಅಕ್ಕಿ ಡಬ್ಬದಿಂದ ಇಳಿಸಿ, ನೀನು ಎಸೆಯುವ ಕೈಯ ಕಡೆಗೆ, ಸೊಂಟದ ಎತ್ತರಕ್ಕೆ ಇಟ್ಟುಕೋ; ಈಗಿನ ವಿಡಿಯೋಗಳಲ್ಲಿ ಚೆಂಡು ಬೆರಳು ಬಿಡುವುದು ಕಾಣುತ್ತಿಲ್ಲ.

ತಮ್ಮ (ಚಾಂಡ್ಲರ್): ಆಗಲಿ. ಅಪ್ಪನ ಎಡ ಅಂಗೈ ಊದಿಕೊಂಡಿದೆ, ನಾಳೆ ಬಲೆಗೆ ಎಸೆದು ವಿಡಿಯೋ ಕಳಿಸುತ್ತೇನೆ.

ಚಿಕ್ಕಪ್ಪ (ಚಾಂಡ್ಲರ್): ಬಲೆ ಬೇಡ. ಐದೂವರೆಗೆ ಎಬ್ಬಿಸುತ್ತೇನೆ, ಬೇಗ ಮಲಗು.